ಗಾಣ ಮಾರಿ ಷೇರು ಕೊಂಡದ್ದು

ಹೇಸಿಗೆ ತುಳಿದರೆ ದಡ್ಡನಿಗೆ ಒಂದೇ ಕಡೆ ಮೆತ್ತುತ್ತದೆ, ಜಾಣನಿಗೆ ಮೂರು ಕಡೆ ಮೆತ್ತುತ್ತದೆ ಎನ್ನುತ್ತಾರೆ. ನಾನು ಚಳ್ಳಕೆರೆಯ ಮಾರ್ಕೆಟ್ ಯಾರ್ಡಿನಲ್ಲಿ ಶೇಂಗಾ ವ್ಯಾಪಾರ ಮಾಡುತ್ತಲೇ ತಲೆ ನರೆಸಿಕೊಂಡವನು. ಕಾಯಿಯನ್ನು ಕಿವಿಯ ಹತ್ತಿರ ಅಲುಗಿಸಿದರೆ ಸಾಕು, ಒಳಗಿನ ಬೀಜ ಗಟ್ಟಿಯೋ ಜೊಳ್ಳೋ ಹೇಳಿಬಿಡುತ್ತೇನೆ. ಜಾಣ ಎಂದು ಹೆಸರೂ ಇದೆ. ಹಾಗಾಗಿ ನನಗೆ ಮೆತ್ತುತ್ತಲೇ ಇರುತ್ತದೆ. ಈಚೆಗೆ ಮೆತ್ತಿದ್ದನ್ನು ಮಾತ್ರ ಇಲ್ಲಿ ಬರೆಯುತ್ತೇನೆ.

ಅಂಗಡಿಯ ಹಿಂದೆ ಅಪ್ಪ ಹಾಕಿದ್ದ ಒಂದು ಗಾಣ ಇತ್ತು. ತಿರುಗುವುದು ಕರೆಂಟಿನಲ್ಲಿ, ಆದರೆ ಒರಳು ಒನಕೆ ಎರಡೂ ಮರದ್ದು. ಪ್ಯಾಕೆಟ್ ಎಣ್ಣೆ ಊರೂರಿನ ಕಿರಾಣಿ ಅಂಗಡಿಗೆ ಬಂದು ತೂಗಾಡತೊಡಗಿದ ಮೇಲೆ ಅದು ನಿಂತಿತು. ನನ್ನ ಕಾಲಿನ ಕೀಲುಗಳೂ ಅದರ ಹಿಂದೆಯೇ ನಿಂತವು. ಯುಗಾದಿಯ ಹೊತ್ತಿಗೆ ಅಂಗಡಿಯ ಬಾಗಿಲು ಹಾಕಿ, ಮನೆಯಲ್ಲಿ ಕಾಲು ಚಾಚಿ ಕೂರಬೇಕು ಎನ್ನುವುದೊಂದೇ ಆಸೆ ಉಳಿದಿತ್ತು. ಅದಕ್ಕೆ ಗಾಣ ಮಾರಿದೆ. ಗುಜರಿಯವನು ಬಂದು, "ಕಬ್ಬಿಣ ಸಾಕು ಸಾವ್ಕಾರ್ರೇ, ಮರ ಬ್ಯಾಡ" ಎಂದ. ಬಿಡುತ್ತೇನೆಯೇ? ತಗೊಂಡರೆ ಎರಡೂ ತಗೋ, ಇಲ್ಲದಿದ್ದರೆ ನಡಿ ಎಂದು ಮರವನ್ನೂ ಅವನ ತಲೆಗೆ ಕಟ್ಟಿದೆ. ಆ ದಿನ ರಾತ್ರಿ ಊಟ ರುಚಿಸಿತು.

ಗಾಣದ ಹಣದಿಂದ ಇನ್ನು ನಮ್ಮಿಬ್ಬರ ಮುಪ್ಪು ನಡೆಯಬೇಕು. "ಪೋಸ್ಟಾಫೀಸ್‌ನಾಗೆ ಇಡ್ರಿ" ಎಂದಳು ಹೆಂಡತಿ.

"ಅಲ್ಲಿಟ್ರೆ ದುಡ್ಡು ನಿದ್ದೆ ಮಾಡ್ತೈತೆ ಕಣೇ."

"ಮಾಡ್ಲಿ ಬಿಡ್ರಿ. ಅದ್ರ ಜೊತೆ ನಾವೂ ಮಾಡಬೋದು."

ಅವಳ ಮಾತು ಕೇಳಿದ್ದರೆ ಮುಂದಿನದೆಲ್ಲ ಬರೆಯುವ ಪ್ರಸಂಗವೇ ಬರುತ್ತಿರಲಿಲ್ಲ.

ಮುಖ ತೋರಿಸಿದ್ದು

ಫೋನಿನಲ್ಲಿ ಷೇರು ಕೊಳ್ಳುವ ಆ್ಯಪ್ ಹಾಕಿಕೊಟ್ಟವನು ಹೆಂಡತಿಯ ತಮ್ಮ. ಮೊಳಕಾಲ್ಮೂರಿನಲ್ಲಿ ರೇಷ್ಮೆ ಸೀರೆ ಅಂಗಡಿ ಅವನದು. ಗಿರಾಕಿಗಳಲ್ಲಿ ಅರ್ಧ ಜನ ಆಂಧ್ರದವರು, ಅವನ ಬಾಯಲ್ಲೂ ಅರ್ಧ ತೆಲುಗು. "ಏಮೀ ಲೇದು ಭಾವ! ಕಷ್ಟ ಏನೂ ಇಲ್ಲ. ಫೋನಿನ ಎದುರಿಗೆ ಮುಖ ಹಿಡೀರಿ, ಐಪೋಯಿಂದಿ, ಮುಗೀತು" ಎಂದು ಹೇಳಿ ಬಸ್ಸು ಹತ್ತಿದ.

ಅಂಗಡಿಯಲ್ಲೇ ಕೂತು ಮುಖ ಹಿಡಿದೆ. ಕಣ್ಣು ಮಿಟುಕಿಸಿ ಎಂದಿತು, ಮಿಟುಕಿಸಿದೆ. ಎಡಕ್ಕೆ ತಿರುಗಿ ಎಂದಿತು, ತಿರುಗಿದೆ. ಬಾಯಿ ತೆರೆಯಿರಿ ಎಂದಿತು, ತೆರೆದೆ. ಹೊಂದಲಿಲ್ಲ, ಮತ್ತೆ ಮೊದಲಿನಿಂದ ಎಂದಿತು. ಚೀಲ ಹೊರುತ್ತಿದ್ದ ಹಮಾಲರು ಕೆಲಸ ಬಿಟ್ಟು ನಿಂತರು. ಎದುರಿನ ಗೋಣಿಚೀಲದ ವ್ಯಾಪಾರಿ, ಯಾರ್ಡಿನವರೆಲ್ಲ ಭಾಯ್ ಎಂದು ಕರೆಯುವವರು, ಚಹಾದ ಲೋಟ ಹಿಡಿದೇ ಓಡಿಬಂದರು.

"ಸಾವ್ಕಾರ್ರೇ, ತಬಿಯತ್ ಹೆಂಗೈತೆ? ಬಾಯಿ ಸೊಟ್ಟಗಾಗೈತಲ್ಲ! ಯಾರಾದ್ರೂ ಆಟೋ ಕರೀರೋ!"

ಲಕ್ವ ಅಲ್ಲ, ಷೇರು ಎಂದು ಅವರಿಗೆ ತಿಳಿಸಿ ಹೇಳುವಷ್ಟರಲ್ಲಿ ಆಟೋ ಬಂದೇಬಿಟ್ಟಿತ್ತು. ಬಂದ ಬಾಡಿಗೆ ನಾನೇ ಕೊಟ್ಟೆ.

ಮುಖ ಒಪ್ಪಿಗೆಯಾದ ಮೇಲೆ ವರ್ಷದ ಆದಾಯ ಎಷ್ಟು ಎಂದು ಕೇಳಿತು. ಯಾರ್ಡಿನಲ್ಲಿ ಈ ಪ್ರಶ್ನೆಗೆ ಒಂದೇ ಉತ್ತರ. ಕೇಳಿದವರು ಯಾರೇ ಇರಲಿ, ಇದ್ದುದರಲ್ಲಿ ಎಲ್ಲಕ್ಕಿಂತ ಕಡಿಮೆಯದನ್ನು ತೋರಿಸುವುದು. ಭಾಯ್ ಕೂಡ ನನ್ನ ಹೆಗಲ ಮೇಲಿಂದ ಬಗ್ಗಿ, "ಕೆಳಗಿಂದು ಒತ್ರಿ, ಕೆಳಗಿಂದು" ಎಂದರು. ಒತ್ತಿದೆ.

ಆಮೇಲೆ ಮನೆಗೆ ಹೋಗಿ ಆ ವರ್ಷದ ಲೆಕ್ಕ ನೋಡಿದೆ. ಜೀವಮಾನದಲ್ಲಿ ಮೊದಲ ಸಲ ನಿಜ ಹೇಳಿದ್ದೆ.

ವಾರಸುದಾರಳು

ನೀವು ಇಲ್ಲದ ಕಾಲಕ್ಕೆ ಇದು ಯಾರಿಗೆ ಸೇರಬೇಕು ಎಂದು ಆ್ಯಪ್ ಕೇಳಿತು. ಹೆಂಡತಿಯ ಹೆಸರು ಹಾಕಿ, ಒಳ್ಳೆಯ ಸುದ್ದಿ ಹೇಳುವವನಂತೆ ಅಡುಗೆಮನೆಗೆ ಹೋದೆ.

"ನಾನು ಹೋದ ಮೇಲೆ ಎಲ್ಲಾ ನಿಂದೇ."

ಅವಳು ರೊಟ್ಟಿ ತಟ್ಟುವುದನ್ನು ನಿಲ್ಲಿಸಲಿಲ್ಲ. "ಎಲ್ಲಾ ಅಂದ್ರೆ ಏನು? ಆ ಫೋನಾ?"

"ಫೋನೊಳಗೆ ಇರೋದು."

"ಅದನ್ನ ತೆಗೆಯೋದು ಹೆಂಗೆ?"

"ಪಾಸ್‌ವರ್ಡ್ ಹಾಕಿ."

"ಪಾಸ್‌ವರ್ಡ್ ಏನು?"

ಬೆಳಗ್ಗೆಯಷ್ಟೇ ಇಟ್ಟದ್ದು, ನೆನಪಿಗೆ ಬರಲಿಲ್ಲ.

"ನೀವಿದ್ದಾಗಲೇ ಹಿಂಗೆ" ಎಂದು ಅವಳು ರೊಟ್ಟಿ ಮಗುಚಿದಳು. "ಹೋದ ಮೇಲೆ ಯಾರನ್ನ ಕೇಳ್ಲಿ?"

ಸ್ಯಾಂಪಲ್ ನೋಡಿದ್ದು

ಕಾಯಿ ಒಡೆದು ಬೀಜ ಬಾಯಿಗೆ ಹಾಕದೆ ರೇಟು ಹೇಳುವವನನ್ನು ನಾವು ವ್ಯಾಪಾರಿ ಎನ್ನುವುದಿಲ್ಲ. ಕಂಪನಿಯನ್ನು ಬಾಯಿಗೆ ಹಾಕುವುದು ಹೇಗೆ? ಬಾಮೈದ ಫೋನಿನಲ್ಲಿ ಏನೇನೋ ಪಟ್ಟಿ, ಗೀಟು ತೋರಿಸಿದ. ನನಗೆ ತಿಳಿದದ್ದು ಎಣ್ಣೆ ಒಂದೇ. ಹಾಗಾಗಿ ಒಂದು ದೊಡ್ಡ ಎಣ್ಣೆ ಕಂಪನಿಯನ್ನು ಆರಿಸಿ, ಅದರ ಪ್ಯಾಕೆಟ್ ತಂದು, ಅಂಗೈಗೆ ಹಾಕಿ ನೆಕ್ಕಿದೆ. ವಾಸನೆ ಇಲ್ಲ, ರುಚಿ ಇಲ್ಲ. ಎಣ್ಣೆ ಎನ್ನಲು ಜಿಡ್ಡೊಂದೇ ಸಾಕ್ಷಿ.

"ಥೂ, ಇಂಥದ್ದನ್ನ ಯಾರು ತಗೋತಾರೆ?" ಎಂದೆ.

"ಎಲ್ರೂ" ಎಂದರು ಭಾಯ್. "ಅದಕ್ಕೇ ಅಲ್ವಾ ನಿಮ್ಮ ಗಾಣ ಬಂದ್ ಆಗಿದ್ದು?"

ತಲೆಯಲ್ಲಿ ದೀಪ ಹೊತ್ತಿತು. ಇಷ್ಟು ಕೆಟ್ಟ ಎಣ್ಣೆಯನ್ನು ಇಷ್ಟು ಜನಕ್ಕೆ ಮಾರಬಲ್ಲವನೇ ನಿಜವಾದ ವ್ಯಾಪಾರಿ. ನನ್ನನ್ನು ಸೋಲಿಸಿದವನ ಪಾಲುದಾರ ಆಗುವುದೇ ಜಾಣತನ. ಗಾಣದ ಹಣವೆಲ್ಲ ಇದಕ್ಕೇ ಎಂದು ತೀರ್ಮಾನಿಸಿದೆ.

ಮಿಕ್ಕ ಎಣ್ಣೆಯಲ್ಲಿ ಹೆಂಡತಿ ದೇವರ ದೀಪ ಹಚ್ಚಿದಳು. ಅದು ಕೂಡ ಆರಿಹೋಯಿತು.

ಚೌಕಾಸಿ

ಹೇಳಿದ ರೇಟಿಗೆ ಮಾಲು ಎತ್ತಿದವನು ಯಾರ್ಡಿನಲ್ಲಿ ತಲೆಯೆತ್ತಿ ಓಡಾಡುವ ಹಾಗಿಲ್ಲ. ಆ್ಯಪ್ ಒಂದು ರೇಟು ತೋರಿಸಿತು. ನಾನು ಅದಕ್ಕಿಂತ ಕೆಳಗಿನದೊಂದು ರೇಟು ಬರೆದು ಆರ್ಡರ್ ಹಾಕಿ, ಫೋನನ್ನು ಗಲ್ಲಾಪೆಟ್ಟಿಗೆಯ ಮೇಲಿಟ್ಟು ಕಾದೆ. ಅವರು ಒಂದಿಷ್ಟು ಇಳಿಯುತ್ತಾರೆ, ನಾನು ಒಂದಿಷ್ಟು ಏರುತ್ತೇನೆ, ನಡುವೆ ಎಲ್ಲೋ ಕುದುರುತ್ತದೆ. ವ್ಯಾಪಾರವೆಂದರೆ ಅದು ತಾನೆ? ಸಂಜೆಗೆ ಆರ್ಡರ್ ರದ್ದಾಗಿದೆ ಎಂದು ಬಂತು.

ಮರುದಿನ ಮತ್ತೆ ಹಾಕಿದೆ. ಮತ್ತೆ ರದ್ದು. ಎದುರಿನವನು ಗಟ್ಟಿ ಆಸಾಮಿ ಎನ್ನಿಸಿತು; ನಾನೂ ಬಿಗಿ ಹಿಡಿದೆ. ಹೀಗೆ ನಾನು ಕೆಳಗೆ ಕೇಳುತ್ತ ಹೋದೆ, ಅದು ಮೇಲೆ ಹೋಗುತ್ತಲೇ ಹೋಯಿತು. ಬಾಮೈದ ಫೋನು ಮಾಡಿ ಬಡಿದುಕೊಂಡ. "ಭಾವ, ಆ ಕಡೆ ಯಾರೂ ಕೂತಿಲ್ಲ ನಿಮ್ ಜೊತೆ ಮಾತಾಡೋಕೆ! ತೋರ್ಸಿದ ರೇಟಿಗೆ ತಗೊಳ್ರಿ!"

"ಲೇ, ನೀನು ಸೀರೆನ ಹೇಳಿದ ರೇಟಿಗೇ ಮಾರ್ತೀಯೇನೋ?"

"ಅದು ಬೇರೆ ಭಾವ."

"ಎಲ್ಲಾ ಒಂದೇ."

ಕೊನೆಗೊಂದು ದಿನ ಗೊತ್ತಿಲ್ಲದ ನಂಬರಿನಿಂದ ಫೋನು ಬಂತು. ನೋಡಿದಿರಾ, ಇಳಿದು ಬಂದ ಎಂದು ಭಾಯ್‌ಗೆ ಕಣ್ಣು ಹೊಡೆದು, ಗಂಟಲು ಸರಿಮಾಡಿಕೊಂಡು, "ಹೇಳಿ, ಕೊನೇ ರೇಟು ಎಷ್ಟು?" ಎಂದೆ.

"ಸಾರ್, ನಿಮಗೆ ಸಾಲ ಬೇಕಾ?" ಎಂದಳು ಒಬ್ಬ ಹುಡುಗಿ.

ದೀಪಾವಳಿ ಬಂತು. ಲಕ್ಷ್ಮಿ ಪೂಜೆಯ ದಿನ ಷೇರು ಪೇಟೆಯನ್ನೂ ಶಾಸ್ತ್ರಕ್ಕೆ ಒಂದು ಗಂಟೆ ತೆರೆಯುತ್ತಾರಂತೆ. ಇಲ್ಲಿ ನಮ್ಮ ಇನ್ನೊಂದು ನಿಯಮ ಅಡ್ಡ ಬಂತು. ಪೂಜೆಯ ಹೊತ್ತಿನ ಬೋಣಿಗೆ ಚೌಕಾಸಿ ಮಾಡಿದರೆ ಲಕ್ಷ್ಮಿ ಎದ್ದು ಹೋಗುತ್ತಾಳೆ. ಅಪ್ಪ ಮಾಡಲಿಲ್ಲ, ನಾನೂ ಮಾಡಿದವನಲ್ಲ. ಫೋನಿಗೆ ಕುಂಕುಮ ಹಚ್ಚಿ, ತೋರಿಸಿದ ರೇಟಿಗೆ, ಇದ್ದಬದ್ದ ಹಣಕ್ಕೆಲ್ಲ ಒಂದೇ ಸಲ ಕೊಂಡುಬಿಟ್ಟೆ.

ಆ ಷೇರು ಅಷ್ಟು ಎತ್ತರಕ್ಕೆ ಹಿಂದೆಂದೂ ಹೋಗಿರಲಿಲ್ಲ. ಅಲ್ಲಿಂದ ಈಚೆಗೆ ಹೋಗಿಯೂ ಇಲ್ಲ.

ಮೊಳಕಾಲ್ಮೂರಿನಿಂದ ಫೋನು

ಇಳಿಯಲು ಶುರುವಾಯಿತು. ಮಾರಿಬಿಡೋಣ ಎಂದುಕೊಂಡೆ. ಆದರೆ ಕೊಳ್ಳುವವನು ಕೇಳಿದ ರೇಟಿಗೇ ಕೊಟ್ಟುಬಿಟ್ಟರೆ ಮಾಲಿಗೆ ಮರ್ಯಾದೆ ಇರುತ್ತದೆಯೇ? ತೋರಿಸುತ್ತಿದ್ದುದಕ್ಕಿಂತ ಸ್ವಲ್ಪ ಮೇಲೆ ಬರೆದೆ. ಸಂಜೆ ರದ್ದು. ಮರುದಿನ ರೇಟು ಇನ್ನೂ ಕೆಳಗೆ. ನಾನು ಮತ್ತೆ ಅದಕ್ಕಿಂತ ಸ್ವಲ್ಪ ಮೇಲೆ. ಕೊಳ್ಳುವಾಗ ಅದು ಮುಂದೆ ಓಡಿತು, ನಾನು ಹಿಂದೆ ಬಿದ್ದೆ. ಮಾರುವಾಗ ಅದು ಬಾವಿಗೆ ಇಳಿಯಿತು, ನಾನು ಮೇಲೆ ನಿಂತು ಹಗ್ಗ ಕೊಡದೆ ಬಗ್ಗಿ ನೋಡಿದೆ.

ಸಾಕಾಯಿತು. ಎದುರಿಗೇ ಕೂತು ಬಾಮೈದನ ಕೈಯಿಂದಲೇ ಮಾರಿಸೋಣವೆಂದು ಮೊಳಕಾಲ್ಮೂರಿಗೆ ಹೋದೆ. ಬಸ್ಸಿಳಿದ ಮೇಲೆ ಜೇಬು ಮುಟ್ಟಿಕೊಂಡರೆ ಫೋನೇ ಇಲ್ಲ. ಮನೆಯಲ್ಲಿ ಚಾರ್ಜಿಗೆ ಹಾಕಿ ಬಂದಿದ್ದೆ. "ಪರ್ವಾಲೇದು ಭಾವ, ನನ್ ಫೋನ್‌ನಾಗೆ ತೆಗೀಬೋದು. ನಿಮ್ ಫೋನಿಗೊಂದು ನಂಬರ್ ಬರ್ತೈತೆ, ಅಕ್ಕನ್ನ ಕೇಳ್ರಿ" ಎಂದ. ಅವನ ಫೋನು ಒಂದು ಕೈಯಲ್ಲಿ ಹಿಡಿದು, ಅಂಗಡಿಯ ಫೋನಿನಿಂದ ಹೆಂಡತಿಗೆ ಮಾಡಿದೆ. ಅತ್ತ ರೇಟು ಇಳಿಯುತ್ತಲೇ ಇತ್ತು.

"ಫೋನಿಗೊಂದು ನಂಬರ್ ಬಂದೈತೆ, ಓದೇ ಬೇಗ."

"ಓದಲ್ಲ."

"ಯಾಕೆ?"

"ಪೋಸ್ಟಾಫೀಸ್‌ನೋರು ಹೇಳವ್ರೆ, ಫೋನಿಗೆ ಬಂದ ನಂಬರ್ ಯಾರಿಗೂ ಹೇಳಬಾರ್ದು ಅಂತ."

"ಯಾರಿಗೂ ಅಂದ್ರೆ ಕಳ್ಳರಿಗೆ! ನಾನು ನಿನ್ ಗಂಡ ಕಣೇ!"

"ಕಳ್ಳರೂ ಹಂಗೇ ಅಂತಾರಂತೆ."

"ನನ್ ದನಿ ಗೊತ್ತಾಗಲ್ವೇನೇ ನಿಂಗೆ?"

"ದನಿ ಏನೋ ಅವ್ರದ್ದೇ ಐತೆ" ಎಂದಳು ಅವಳು, ಯಾರೋ ಮೂರನೆಯವರ ವಿಷಯ ಮಾತಾಡುವ ಹಾಗೆ. "ಆದ್ರೆ ಗಂಡ ಆದವನು ಮೊಳಕಾಲ್ಮೂರಿನಿಂದ ಫೋನ್ ಮಾಡಿದ್ರೆ ಸೀರೆ ಯಾವ ಬಣ್ಣದ್ದು ತರ್ಲಿ ಅಂತ ಕೇಳ್ತಾನೆ. ನಂಬರ್ ಕೇಳಲ್ಲ."

ಇಟ್ಟುಬಿಟ್ಟಳು. ಬಾಮೈದ ಮೆಲ್ಲನೆ ಒಂದು ಸೀರೆ ಬಿಚ್ಚಿ ಮುಂದೆ ಹರವಿದ. ಅದನ್ನು ಅವನು ಹೇಳಿದ ರೇಟಿಗೇ ಕೊಂಡೆ.

ಹೈವೇ ಪಕ್ಕದ ಗಾಣ

ಸೀರೆ ಕೊಟ್ಟ ಮರುದಿನ ಸಂಜೆ ಹೆಂಡತಿ ಮೆಣಸಿನಕಾಯಿ ಬಜ್ಜಿ ಕರಿದಳು. ಒಂದು ತುಂಡು ಬಾಯಿಗೆ ಹಾಕಿಕೊಂಡವನು ಹಾಗೆಯೇ ಕೂತೆ. ಹುರಿದ ಶೇಂಗಾದ ಘಮ. ಎಷ್ಟೋ ವರ್ಷದಿಂದ ಮನೆಯಲ್ಲಿ ಇಲ್ಲದ್ದು.

"ಎಲ್ಲಿ ತಂದೆ ಈ ಎಣ್ಣೆ?"

"ನಿಮ್ಮಪ್ಪನ ಗಾಣದಿಂದ."

ಬಜ್ಜಿಯ ತಟ್ಟೆ ಬಿಟ್ಟು ಎದ್ದೆ. ಇಬ್ಬರೂ ಆಟೋದಲ್ಲಿ ಹೋದೆವು. ಹೈವೇ ಪಕ್ಕ ಹೊಸ ತಗಡಿನ ಶೆಡ್ಡು, ಮೇಲೆ 'ಅಪ್ಪಟ ಮರದ ಗಾಣದ ಎಣ್ಣೆ' ಎಂದು ಬಣ್ಣದ ಬೋರ್ಡು. ಮುಂದೆ ಊರಾಚೆಯ ಕಾರುಗಳು ಸಾಲುಗಟ್ಟಿವೆ. ಒಳಗಿನಿಂದ ಒನಕೆಯ ಕಿರುಗುಟ್ಟುವ ಸದ್ದು ರಸ್ತೆಯವರೆಗೂ ಕೇಳುತ್ತಿತ್ತು. ಆ ಸದ್ದಿಗೆ ನಾನು ತೊಟ್ಟಿಲಲ್ಲಿ ನಿದ್ದೆ ಮಾಡಿದವನು. ಗಾಣಕ್ಕೆ ಚೆಂಡುಹೂವಿನ ಹಾರ ಹಾಕಿತ್ತು. ಪಕ್ಕದಲ್ಲಿ ಬಿಳಿ ಅಂಗಿ ತೊಟ್ಟು ಹಣ ಎಣಿಸುತ್ತ ಕೂತವನು ಅದೇ ಗುಜರಿಯವನು.

"ಬರ್ರಿ ಸಾವ್ಕಾರ್ರೇ, ಬರ್ರಿ!" ಎಂದು ಎದ್ದು ನಿಂತು ಕುರ್ಚಿ ಹಾಕಿದ. "ನಿಮ್ಮ ಪುಣ್ಯ. ಕಬ್ಬಿಣದ್ದಾಗಿದ್ರೆ ಯಾರೂ ಗಾಡಿ ನಿಲ್ಲಿಸ್ತಿರ್ಲಿಲ್ಲ. ಆ ಮರಾನೇ ಜನ ಕೇಳೋದು. ನೀವು ಅವತ್ತು ಹಠ ಮಾಡಿ ಕಟ್ಟಿದ್ರಲ್ಲ!"

ಏನಾದರೂ ಹೇಳಬೇಕಲ್ಲ ಎಂದು ಎಣ್ಣೆಯ ರೇಟು ಕೇಳಿದೆ. ಪ್ಯಾಕೆಟ್ ಎಣ್ಣೆಗಿಂತ ಎಷ್ಟೋ ಮೇಲೆ ಹೇಳಿದ. ಬಾಯಿ ಸುಮ್ಮನಿರಲಾರದೆ ಕಡಿಮೆಗೆ ಕೇಳಿತು.

"ಫಿಕ್ಸ್ ರೇಟು ಸಾವ್ಕಾರ್ರೇ, ಬೋರ್ಡ್ ಹಾಕಿದ್ದೀನಿ" ಎಂದು ನಕ್ಕ. "ಅಂದಂಗೆ ಅಂಗಡಿ ಮುಚ್ತೀರಂತೆ? ಮುಚ್ಚಬ್ಯಾಡ್ರಿ. ನಂಗೆ ಒಳ್ಳೇ ಕಾಯಿ ಆರಿಸಿಕೊಡೋರು ಬೇಕು. ನಂಗೇನು ಗೊತ್ತಾಗ್ತೈತೆ ಶೇಂಗಾ?"

ನಾನು ಉತ್ತರ ಕೊಡುವ ಮೊದಲೇ ಹೆಂಡತಿ, "ಮುಚ್ಚಲ್ಲ ಬಿಡಪ್ಪ" ಎಂದಳು. "ಇನ್ನು ಅವ್ರು ಮುಚ್ಚೋ ಹಂಗೇ ಇಲ್ಲ. ಗಾಣದ ದುಡ್ಡೆಲ್ಲ ಫೋನ್‌ನಾಗೆ ಷೇರು ಅಂತ ಪ್ಯಾಕೆಟ್ ಎಣ್ಣೆ ಕಂಪನಿಗೆ ಸುರಿದವ್ರೆ."

ಗುಜರಿಯವನು ನಗಲಿಲ್ಲ. ನಕ್ಕಿದ್ದರೆ ತಡೆದುಕೊಳ್ಳಬಹುದಿತ್ತು. ಕುರ್ಚಿ ಹತ್ತಿರಕ್ಕೆ ಎಳೆದುಕೊಂಡು, ನನ್ನ ಗಾಣ ನೋಡಲು ಬಂದ ದಿನ ಹೇಗೆ ತಲೆಯೋರೆ ಮಾಡಿ ಸುತ್ತಲೂ ನೋಡಿದ್ದನೋ ಹಾಗೆಯೇ ನನ್ನ ಜೇಬಿನಲ್ಲಿದ್ದ ಫೋನನ್ನು ನೋಡಿ, ದನಿ ತಗ್ಗಿಸಿ ಕೇಳಿದ.

"ಸಾವ್ಕಾರ್ರೇ, ಆ ಷೇರನ್ನೂ ತೂಕಕ್ಕೆ ಹಾಕೋದಾದ್ರೆ ಹೇಳ್ರಿ, ತಗೋತೀನಿ."

ಸಿಟ್ಟು ಬರಬೇಕಿತ್ತು. ಆದರೆ ಇಷ್ಟು ದಿನದಲ್ಲಿ ನನ್ನ ಷೇರಿನ ವಿಷಯ ಎದುರಿಗೆ ಕೂತು ಮಾತಾಡಿದ ಮೊದಲ ಗಿರಾಕಿ ಅವನು. ಕೀಲು ಹಿಡಿದಿದ್ದ ಕಾಲನ್ನು ಕುರ್ಚಿಯ ಮೇಲೆ ಮಡಚಿಕೊಂಡು, ಹೆಗಲ ಟವೆಲ್ ಸರಿಮಾಡಿಕೊಂಡು ಕೂತೆ.

"ಮೊದಲು ನಿನ್ನ ರೇಟು ಹೇಳಪ್ಪ" ಎಂದೆ.