ದವಾಖಾನಿ ಓಣಿಯ ಉಡಿ ಸಮರ

ಸಕಲ ಬಿರುದಾಲಂಕೃತ, ನಿವೃತ್ತಿವೇತನಪರಿಪೋಷಿತ, ಮಧ್ಯಾಹ್ನನಿದ್ರಾಪರಾಯಣ ಮಹಾಪುರುಷರೇ, ಅವರನ್ನು ಊಟಕ್ಕೆ ಎಬ್ಬಿಸುವ ಮಹಾಮಾತೆಯರೇ, ಕಿವಿಗೊಡಿ! ಯಾವ ಯುಗದಲ್ಲಿ ಮನುಷ್ಯನಿಗಿಂತ ಅವನ ಹುದ್ದೆ ಎರಡು ಗೇಣು ಎತ್ತರವಾಗಿತ್ತೋ, ಯಾವ ಯುಗದಲ್ಲಿ ಇಂಗ್ಲಿಷರು ಹಡಗು ಹತ್ತುವಾಗ ತಮ್ಮ ಟೋಪಿಗಳನ್ನು ಒಯ್ದು ತಮ್ಮ ಹುದ್ದೆಗಳ ಹೆಸರುಗಳನ್ನು ಮಾತ್ರ ನಮ್ಮ ಓಣಿಗಳಲ್ಲಿ ಬಿಟ್ಟುಹೋದರೋ, ಆ ಯುಗದ ಕೊನೆಯ ಮಹಾಯುದ್ಧವನ್ನು ಹಾಡಲು ಹೊರಟಿದ್ದೇನೆ. ತಾಯೀ ವಾಗ್ದೇವಿ, ಬಂದು ನನ್ನ ನಾಲಿಗೆಯ ಮೇಲೆ ಕೂತುಕೋ. ವೀಣೆಯನ್ನು ಮನೆಯಲ್ಲೇ ಬಿಟ್ಟು ಬಾ; ಈ ಓಣಿಯ ಹೆಂಗಸರ ದನಿಯ ಮುಂದೆ ಅದು ಕೇಳಿಸುವುದಿಲ್ಲ.

ಬೆಟಗೇರಿಯಲ್ಲಿ ಹಳೇ ದವಾಖಾನಿ ಓಣಿ ಎಂಬುದೊಂದು ಪುಣ್ಯಕ್ಷೇತ್ರ. ಅಲ್ಲಿನ ರೂಢಿಯೇನೆಂದರೆ, ಗಂಡನಿಗೆ ಸರಕಾರ ಕೊಟ್ಟ ಹುದ್ದೆ ಹೆಂಡತಿಗೆ ತಾಳಿಯ ಜೊತೆಗೇ ಬರುತ್ತದೆ. ಗಂಡ ನಿವೃತ್ತನಾಗಬಹುದು, ಹೆಂಡತಿ ಆಗುವುದಿಲ್ಲ. ಒಂದು ಕಾಲಕ್ಕೆ ಅಲ್ಲಿ ಶಿರಸ್ತೇದಾರಬಾಯಿ ಇದ್ದರು, ದಫೇದಾರಬಾಯಿ ಇದ್ದರು, ಊರೂರು ತಿರುಗಿ ಮಕ್ಕಳಿಗೆ ಮೈಲಿಬೇನೆಯ ಚುಚ್ಚುಮದ್ದು ಹಾಕುತ್ತಿದ್ದ ವ್ಯಾಕ್ಸಿನೇಟರನ ಧರ್ಮಪತ್ನಿ ವ್ಯಾಕ್ಸಿನೇಟರಬಾಯಿ ಇದ್ದರು. ಆ ಸಾಧ್ವಿ ಜನ್ಮದಲ್ಲಿ ಒಂದು ಇರುವೆಗೂ ಸೂಜಿ ಚುಚ್ಚಿದವರಲ್ಲ. ಆದರೂ ಅವರು ಸಕ್ಕರೆ ಕೇಳಲು ಬಂದರೆ ಮಕ್ಕಳೆಲ್ಲ ಮಂಚದ ಕೆಳಗೆ ಸೇರುತ್ತಿದ್ದವು. ಕಾಲನು ಅವರನ್ನೆಲ್ಲ ಒಬ್ಬೊಬ್ಬರನ್ನಾಗಿ ಕರೆಸಿಕೊಂಡ. ಅಳಿದ ಊರಿಗೆ ಉಳಿದವನೇ ಗೌಡ ಎನ್ನುತ್ತಾರೆ. ಇಲ್ಲಿ ಉಳಿದವರು ಇಬ್ಬರು, ತೊಂದರೆ ಅಲ್ಲಿಯೇ ಆದದ್ದು.

ಮೊದಲನೆಯವರು ರಕ್ತವರ್ಣಔಷಧಾಧಿದೇವತೆ, ಶೀತಜ್ವರವಿಧ್ವಂಸಿನಿ, ಬಿರಡೆಬಾಟಲಿಪರಿವೃತೆ ಶ್ರೀಮತಿ ಕಂಪೌಂಡರಬಾಯಿ. ಅವರ ಯಜಮಾನರು ಸರಕಾರಿ ದವಾಖಾನೆಯ ಕಿಟಕಿಯ ಹಿಂದೆ ನಿಂತು, ಡಾಕ್ಟರು ಬರೆದುಕೊಟ್ಟ ಔಷಧವನ್ನು ಕಲಸಿ, ಅಲುಗಾಡಿಸಿ, ಊರಿನ ಬಾಯಿಗೆ ಸುರಿದವರು. ಎರಡನೆಯವರು ಸೇತುಬಂಧನಚತುರೆ, ಜಲ್ಲಿಕಲ್ಲುಜಯಶಾಲಿನಿ, ಡಾಂಬರುಧೂಮಧೂಸರಿತೆ ಶ್ರೀಮತಿ ಓವರ್ಸೇರಬಾಯಿ. ಅವರ ಯಜಮಾನರು ಖಾಕಿ ಚಡ್ಡಿ ಹಾಕಿ, ಕೊಡೆ ಹಿಡಿದು, ತಾಲೂಕಿನ ರಸ್ತೆ ಸೇತುವೆಗಳ ಕೆಲಸವನ್ನು ದೂರದಲ್ಲಿ ನಿಂತು ನೋಡಿದವರು. ಈ ಇಬ್ಬರು ವೀರವನಿತೆಯರ ಸ್ವಂತ ಹೆಸರುಗಳೇನು ಎಂದು ಕೇಳಬೇಡಿ. ಓಣಿಗೆ ಗೊತ್ತಿಲ್ಲ. ಈ ಕ್ಷಣಕ್ಕೆ ನನಗೂ ಗೊತ್ತಿಲ್ಲ.

ಹೀಗಿರಲು, ದುಷ್ಟ ಕಾಲವು ಇನ್ನೊಂದು ಆಟ ಹೂಡಿತು. ಎಲ್ಲಿಯೋ ಕೂತ ಸರಕಾರವು ಒಂದು ಆದೇಶದಿಂದ ಕಂಪೌಂಡರನನ್ನು ಫಾರ್ಮಸಿಸ್ಟ್ ಎಂದಿತು, ಇನ್ನೊಂದರಿಂದ ಓವರ್ಸಿಯರನನ್ನು ಜೂನಿಯರ್ ಇಂಜಿನಿಯರ್ ಎಂದಿತು. ಹಳೆಯ ಬಿರುದುಗಳು ದವಾಖಾನೆಯಲ್ಲೂ ಇಲ್ಲ, ಆಫೀಸಿನಲ್ಲೂ ಇಲ್ಲ. ಜಗತ್ತಿನಲ್ಲಿ ಅವು ಬದುಕಿದ್ದದ್ದು ಈ ಓಣಿಯ ಬಾಯಿಯಲ್ಲಿ ಮಾತ್ರ. ಅದರಿಂದಾಗಿ ಓಣಿಯ ಶುಭಕಾರ್ಯಗಳಲ್ಲಿ ಯಾರಿಗೆ ಮೊದಲ ಮಾನ ಎಂಬುದು ಇಬ್ಬರಿಗೂ ಪ್ರಾಣದ ಪ್ರಶ್ನೆಯಾಯಿತು. ಎರಡನೆಯವಳಾಗಿ ಕರೆಸಿಕೊಂಡವಳು ನಾಳೆ ಬರೀ ಮುದುಕಿ. ಇದನ್ನು ಕಂಪೌಂಡರಬಾಯಿ ರಾತ್ರಿ ಹಾಸಿಗೆಯಲ್ಲಿ ನೆನೆದು ನೆನೆದು ನಿದ್ದೆಗೆಟ್ಟಿದ್ದರು. ನಿಜಕ್ಕೂ ಹೆದರಿದ್ದರು, ಪಾಪ.

ಆ ಹೊತ್ತಿಗೆ ಸರಿಯಾಗಿ ಸಂಗವ್ವನ ಮನೆಯಲ್ಲಿ ಸೊಸೆ ಮಹಾನಂದಾಳ ಕುಬಸ ಬಂತು. ಬಸುರಿಗೆ ಹಸಿರು ಸೀರೆ ಉಡಿಸಿ, ಹಸಿರು ಬಳೆ ತೊಡಿಸಿ, ಮಣೆಯ ಮೇಲೆ ಕೂರಿಸಿ ಮುತ್ತೈದೆಯರು ಉಡಿ ತುಂಬುವ ಕಾರ್ಯ. ಮಾನದಲ್ಲಿ ಹಿರಿಯ ಮುತ್ತೈದೆ ಮೊದಲು ತುಂಬಬೇಕು, ಆಮೇಲೆ ಉಳಿದವರು, ಆಮೇಲೆ ಊಟ. ಹೋಳಿಗೆಯ ವಾಸನೆ ಒಳಮನೆಯಿಂದ ಹೊರಟು ಪಡಸಾಲೆಯನ್ನು ದಾಟಿ ಮಹಾನಂದಾಳ ಮೂಗಿಗೆ ಬಂದು ಕೂತಿತ್ತು. ಎರಡು ಜೀವದ ಹೆಣ್ಣು, ಬೆಳಗಿನಿಂದ ಒಂದೇ ಕಪ್ ಚಹಾದ ಮೇಲೆ ಇದ್ದಳು.

"ಮೊದಲ ಯಾರು ತುಂಬತೀರವಾ?" ಎಂದಳು ಸಂಗವ್ವ. ಅಯ್ಯೋ, ಅವಳು ಕೇಳಬಾರದಿತ್ತು!

ಎರಡು ಪರ್ವತಗಳು ಒಮ್ಮೆಗೇ ಎದ್ದವು. ಎರಡು ಕೈಗಳು ಒಮ್ಮೆಗೇ ಅಕ್ಕಿಯ ಪರಾತಕ್ಕೆ ಹೋದವು. ನಾಲ್ಕು ಡಜನ್ ಬಳೆಗಳು ಒಂದಕ್ಕೊಂದು ಬಡಿದು ಝಣಝಣ ಎಂದವು.

ಆಗ ಓವರ್ಸೇರಬಾಯಿ ಸೆರಗನ್ನು ಸೊಂಟಕ್ಕೆ ಸಿಗಿಸಿ, ದಿಕ್ಕುಗಳು ಬೆಚ್ಚುವಂತೆ ನುಡಿದರು:

"ಕೈ ತಗೀರಿ ಕಂಪೌಂಡರಬಾಯಾರ! ನಮ್ಮವರು ಒಂದ ಸಲಾ ಸೀಟಿ ಊದಿದರ ನೂರು ಮಂದಿ ಗುದ್ದಲಿ ಎತ್ತತಿದ್ರು. ನೀವೆಲ್ಲಾ ತವರಮನಿಗೆ ಹೋಗೂ ಹಾದಿ ನಮ್ಮವರು ಮಾಡಿಸಿದ್ದು. ಅವರಿಲ್ಲಂದ್ರ ಇಷ್ಟೊತ್ತಿಗೆ ಹಳ್ಳದಾಗ ಬಿದ್ದಿರತಿದ್ರಿ!"

ಈ ಮಾತಿನ ಬಾಣವು ಎದೆಗೆ ತಾಕಲು, ಕಂಪೌಂಡರಬಾಯಿ ಅರೆಕ್ಷಣ ಕಣ್ಣು ಮುಚ್ಚಿ, ತೆರೆದು, ಮಂದಹಾಸವನ್ನು ಬೀರಿ, ಪ್ರತಿಬಾಣವನ್ನು ಹೂಡಿದರು:

"ಹೌದವಾ, ಹಾದಿ ನಿಮ್ಮವರದ. ಅದರಾಗಿನ ತೆಗ್ಗೂ ನಿಮ್ಮವರದ. ಆ ಹಾದ್ಯಾಗ ಬಿದ್ದು ಕಾಲ ಮುರಕೊಂಡವರಿಗೆಲ್ಲಾ ಪಟ್ಟಿ ಕಟ್ಟಿದ್ದು ಯಾರು? ನಮ್ಮವರು! ನಿಮ್ಮ ಹಳ್ಳದ ಸೇತುವಿ ಮೊದಲನೇ ಮಳಿಗೇ ಕೈ ಮುಗದು ಹೋತಲ್ಲ, ಅದರ ಮ್ಯಾಲ ನಿಂತವರಿಗೆ ನೆಗಡಿ ಔಷಧ ಕೊಟ್ಟದ್ದು ಯಾರು? ನಮ್ಮವರು!"

"ಔಷಧ ಅಂತ ಔಷಧ! ತಲಿ ಬ್ಯಾನಿಗೂ ಅದ ಕೆಂಪು ನೀರು, ಹೊಟ್ಟಿ ಬ್ಯಾನಿಗೂ ಅದ ಕೆಂಪು ನೀರು!"

"ಅದ ಕೆಂಪು ನೀರು ಕುಡದ ನಿಮ್ಮ ಹಿರೇಮಗ ಉಳದದ್ದು, ಮರೀಬ್ಯಾಡ್ರಿ!"

ಮುತ್ತೈದೆಯರ ಪಡೆ ಎರಡಾಗಿ ಒಡೆಯಿತು. ಕೆಲವರು ಸೇತುವೆಯ ಕಡೆ, ಕೆಲವರು ಕೆಂಪು ನೀರಿನ ಕಡೆ. ಈ ಗದ್ದಲದಲ್ಲಿ ಮಹಾನಂದಾ ಮೆಲ್ಲಗೆ ಕೈ ಚಾಚಿ ಪರಾತದಿಂದ ಒಂದು ಉತ್ತತ್ತಿ ಎತ್ತಿ ಬಾಯಿಗೆ ಹಾಕಿಕೊಂಡದ್ದನ್ನು ನಾನೊಬ್ಬನೇ ಕಂಡೆ. ಹೇಳಲಿಲ್ಲ, ಬಸುರಿಯ ಬಾಯಿಯ ತುತ್ತನ್ನು ಕಸಿಯುವ ಕವಿ ನಾನಲ್ಲ.

ಕೊನೆಗೆ ಸಂಗವ್ವ ತಲೆ ಚಚ್ಚಿಕೊಂಡು, "ಒಡಪು ಹಾಕ್ರಿ. ಯಾರ ಒಡಪು ಚೆಂದ ಐತಿ, ಅವರ ಮೊದಲ ತುಂಬಲಿ" ಎಂದಳು. ಮುತ್ತೈದೆಯು ದಿನನಿತ್ಯ ಬಾಯಿಬಿಟ್ಟು ಹೇಳದ ಗಂಡನ ಹೆಸರನ್ನು ಇಂಥ ಕಾರ್ಯದಲ್ಲಿ ಮಾತ್ರ, ಪ್ರಾಸ ಕಟ್ಟಿ, ನಾಚಿಕೊಂಡು, ಎಲ್ಲರೆದುರು ಹೇಳುವುದು, ಅದೇ ಒಡಪು. ಕಂಪೌಂಡರಬಾಯಿ ಗಂಟಲು ಸರಿಮಾಡಿಕೊಂಡರು:

"ಬಾಟ್ಲಿ ತುಂಬ ಔಷಧ, ಬಾಟ್ಲಿ ಮ್ಯಾಲ ಚೀಟಿ,
ಕಂಪೌಂಡರ ಹೆಸರ ಹೇಳತೀನಿ, ಯಾರದಾರ ಸಾಟಿ?"

"ಆಹಾ!" ಎಂದಿತು ಅರ್ಧ ಪಡಸಾಲೆ. ಓವರ್ಸೇರಬಾಯಿ ಬಿಟ್ಟಾರೆಯೇ?

"ಹಾದಿಗುಂಟ ಹುಣಸೀಗಿಡ, ಹಾದಿ ತುಂಬ ನೆರಳ,
ಓವರ್ಸೇರ ಹೆಸರ ಹೇಳತೀನಿ, ಉಂಗುರದ ಬೆರಳ!"

"ಭಲೇ!" ಎಂದಿತು ಇನ್ನರ್ಧ. ಆಗ ಮಣೆಯ ಮೇಲಿಂದ ಒಂದು ಸಣ್ಣ ದನಿ ಕೇಳಿತು. ಮಹಾನಂದಾ ಬಾಯಲ್ಲಿದ್ದ ಉತ್ತತ್ತಿಯನ್ನು ಕೆನ್ನೆಗೆ ಸರಿಸಿ ಹೇಳಿದಳು:

"ಇಬ್ಬರೂ ಹೆಸರ ಹೇಳಲೇ ಇಲ್ಲಲ್ರೀ ಅಜ್ಜಿ. ನೌಕರಿ ಹೇಳಿದ್ರಿ. ನಮ್ಮ ಇಳಕಲ್ಲ ಕಡೆ ಹೆಸರ ಹೇಳಲಾರದವರ ಕೈಲೆ ಉಡಿ ತುಂಬಿಸ್ಕೊಳ್ಳಂಗಿಲ್ಲ."

ಸಭೆ ಸ್ತಬ್ಧವಾಯಿತು. ಒಲೆಯ ಮೇಲಿನ ಕಟ್ಟಿನ ಸಾರು ಕೂಡ ಕುದಿಯುವುದನ್ನು ನಿಲ್ಲಿಸಿತು ಎಂದು ಹೇಳಿದರೆ ನೀವು ನಂಬಲಿಕ್ಕಿಲ್ಲ, ಆದರೆ ವೀರಗಾಥೆಯಲ್ಲಿ ಹಾಗೆ ಹೇಳಲೇಬೇಕು. ಈ ಓಣಿಯಲ್ಲಿ ಬಿರುದುಳ್ಳ ಮನೆಯ ಹೆಂಗಸರಿಗೆ ಬಿರುದೇ ಹೆಸರೆಂದು ಯಾರೂ ಪ್ರಶ್ನೆ ಎತ್ತಿರಲಿಲ್ಲ.

"ಅದೇನ ದೊಡ್ಡ ಮಾತು," ಎಂದು ಕಂಪೌಂಡರಬಾಯಿ ಬಾಯಿ ತೆರೆದರು. "ಬಾಟ್ಲಿ ತುಂಬ ಔಷಧ, ಬಾಟ್ಲಿ ಮ್ಯಾಲ ಚೀಟಿ..." ತೆರೆದ ಬಾಯಿ ತೆರೆದೇ ಉಳಿಯಿತು.

ಬರಲಿಲ್ಲ. ಗಂಡನ ಹೆಸರು ಬರಲಿಲ್ಲ! ಮದುವೆಯ ದಿನ ಹೇಳಿದ್ದು ನೆನಪಿದೆ, ಅಂದು ಉಟ್ಟ ಸೀರೆಯ ಅಂಚು ನೆನಪಿದೆ, ಅಂದಿನ ಬುಂದೆಗೆ ಸಕ್ಕರೆ ಕಮ್ಮಿಯಾಗಿ ಬೀಗರು ಮುನಿಸಿಕೊಂಡದ್ದು ನೆನಪಿದೆ. ಹೆಸರಿನ ಜಾಗದಲ್ಲಿ ಮಾತ್ರ ಬಿಳಿಯ ಕೋಟು ಹಾಕಿದ ಕಂಪೌಂಡರರು ಬಾಟಲಿ ಅಲುಗಾಡಿಸುತ್ತ ನಿಂತಿದ್ದರು.

"ಗಂಡನ ಹೆಸರ ಮರತೀರೇನ! ಕೇಳಿರೇನ ಇದನ್ನ!" ಎಂದು ಓವರ್ಸೇರಬಾಯಿ ಅಟ್ಟಹಾಸ ಮಾಡಿ, ವಿಜಯದ ಅಕ್ಕಿಯನ್ನು ಬೊಗಸೆಯಲ್ಲಿ ತುಂಬಿಕೊಂಡು, "ಹಾದಿಗುಂಟ ಹುಣಸೀಗಿಡ, ಹಾದಿ ತುಂಬ ನೆರಳ..." ಎಂದು ಅಲ್ಲಿಗೆ ನಿಂತರು. ಹುಣಸೀಗಿಡದ ನೆರಳಲ್ಲಿ ಅವರೂ ದಾರಿ ತಪ್ಪಿದ್ದರು.

ಬೊಗಸೆಯ ಅಕ್ಕಿ ಬೆರಳಸಂದಿನಿಂದ ಸುರಿಯತೊಡಗಿತು.

ಸಂಗವ್ವ ಹೊರಗೆ ಓಡಿದಳು. ಅಲ್ಲಿ ಕಟ್ಟೆಯ ಮೇಲೆ, ಯಾರ ಸಲುವಾಗಿ ಒಳಗೆ ರಣರಂಗ ನಡೆದಿತ್ತೋ ಆ ಇಬ್ಬರು ಮಹಾಪುರುಷರು ಇಸ್ಪೀಟು ಎಲೆಗಳನ್ನು ಎದೆಗೆ ಅವಚಿಕೊಂಡು ತೂಕಡಿಸುತ್ತಿದ್ದರು.

"ಯಜಮಾನ್ರ, ನಿಮ್ಮ ಹೆಸರ ಏನ್ರಿ?" ಎಂದು ಕೇಳಿದಳು.

ಕಂಪೌಂಡರರು ಬೆಚ್ಚಿ ಎದ್ದು, ನೇರ ಕೂತು, "ಕಂಪೌಂಡರ್!" ಎಂದರು.

"ಅದಲ್ರೀ, ನಿಮ್ಮ ಹೆಸರು, ಹೆಸರು!"

"ನಿನಗ ಏನಾಗೇತಿ ಸಂಗವ್ವ? ಇಡೀ ಊರಿಗೇ ಗೊತ್ತಿದ್ದದ್ದು ನಿನಗ ಗೊತ್ತಿಲ್ಲೇನು? ಕಂಪೌಂಡರ್! ಹೌದಲ್ಲೋ ಓವರ್ಸೇರ?"

"ಹೌದೋ ಕಂಪೌಂಡರ," ಎಂದು ಓವರ್ಸೇರರು ಕಣ್ಣು ತೆರೆಯದೆ ಸಾಕ್ಷಿ ನುಡಿದರು.

ಸಂಗವ್ವ ಬರಿಗೈಯಲ್ಲಿ ಒಳಗೆ ಬಂದಳು. ಕಂಪೌಂಡರಬಾಯಿ ಪರಾತದ ಅಂಚು ಹಿಡಿದು ಕುಸಿದು ಕೂತಿದ್ದರು. ಕಣ್ಣಲ್ಲಿ ನೀರಿತ್ತು. ಮೊದಲ ಮಾನ ಹಾಳಾಗಿ ಹೋಗಲಿ. ಇಷ್ಟು ವರ್ಷ ಒಲೆ ಊದಿ ಅನ್ನ ಹಾಕಿದ ಮನುಷ್ಯನ ಹೆಸರು ಬಾಯಿಗೆ ಬಾರದೆ ಹೋಯಿತಲ್ಲ ಎಂಬ ಸಂಕಟ. ಅದನ್ನು ಕಂಡು ಓವರ್ಸೇರಬಾಯಿ ಸುಮ್ಮನೆ ನಿಲ್ಲಲಾರದೆ ಪಕ್ಕಕ್ಕೆ ಬಂದು ಕೂತರು.

"ವಿರುಪಾಕ್ಷಪ್ಪ," ಎಂದರು ಮೆಲ್ಲಗೆ.

"ಏನು?"

"ನಿಮ್ಮ ಯಜಮಾನ್ರು. ವಿರುಪಾಕ್ಷಪ್ಪ ಅಲ್ಲೇನ?"

ಕಂಪೌಂಡರಬಾಯಿಯ ಮುಖ ಅರಳಿತು. "ಅಯ್ಯ, ಹೌದವಾ! ವಿರುಪಾಕ್ಷಪ್ಪ! ನಿಮಗ ಹೆಂಗ ಗೊತ್ತು?"

"ನಳದ ಮುಂದ ಜಗಳಾಡೂ ಮುಂದ ನಿಮಗ ಉರೀಲಿ ಅಂತ ಕಂಪೌಂಡರ ಅನ್ನೂದು ಬಿಟ್ಟು ಬರೀ ಹೆಸರ ಹಿಡದು ಬೈತಿದ್ದಿಲ್ಲೇನ ನಾನು? 'ಆ ವಿರುಪಾಕ್ಷಪ್ಪ ಏನ ಕಿಸದಾನ' ಅಂತ?"

"ನಾನೂ ಬೈತಿದ್ದೆ," ಎಂದು ಕಂಪೌಂಡರಬಾಯಿ ಮೂಗು ಒರೆಸಿಕೊಂಡರು. "'ಚನಮಲ್ಲಪ್ಪನ ಸೇತುವಿ, ಚನಮಲ್ಲಪ್ಪನ ಸೇತುವಿ' ಅಂತ."

"ಚನಮಲ್ಲಪ್ಪ!" ಎಂದು ಕೂಗಿ ಓವರ್ಸೇರಬಾಯಿ ಹಣೆ ಬಡಿದುಕೊಂಡರು.

ನೋಡಿದಿರಾ ಸಭಿಕರೇ! ಹೆಂಡತಿಯರು ಗೌರವದಿಂದ ಕಳೆದುಕೊಂಡದ್ದನ್ನು ವೈರಿಗಳು ಬೈಗುಳದಲ್ಲಿ ಜೋಪಾನವಾಗಿ ಇಟ್ಟುಕೊಂಡಿದ್ದರು. ಇಬ್ಬರೂ ಎದ್ದರು. ಇಬ್ಬರೂ ಬೊಗಸೆ ತುಂಬಿಕೊಂಡರು. ಇಬ್ಬರೂ ಒಮ್ಮೆಗೇ ಒಡಪು ಹಾಕಿದರು. ಔಷಧದಲ್ಲಿ ಹುಣಸೀಗಿಡ ಬೆರೆತು, ಚೀಟಿಯ ಮೇಲೆ ನೆರಳು ಬಿದ್ದು, ವಿರುಪಾಕ್ಷಪ್ಪನೂ ಚನಮಲ್ಲಪ್ಪನೂ ಒಂದೇ ಉಸಿರಿನಲ್ಲಿ ಪಡಸಾಲೆಗೆ ಉರುಳಿದರು. ಯಾರು ಮೊದಲು ತುಂಬಿದರು ಎಂದು ಯಾರಿಗೂ ಕಾಣಲಿಲ್ಲ, ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ಮತ್ತು ಮೊದಲ ಉಡಿಗೆಂದು ಇಟ್ಟಿದ್ದ ಉತ್ತತ್ತಿಗಳ ಜಾಗದಲ್ಲಿ ಬೀಜಗಳಷ್ಟೇ ಇದ್ದವು. ಮಹಾನಂದಾ ಛಾವಣಿಯ ಜಂತಿ ಎಣಿಸುತ್ತಿದ್ದಳು.

ಹೀಗೆ ಮಹಾಸಮರ ಮುಗಿಯಿತು. ವೀರರು ಹೋಳಿಗೆ ಉಂಡರು. ನಾನೂ ಉಂಡೆ, ತುಪ್ಪ ಕಮ್ಮಿ.

ಹೊರಡುವಾಗ ಬಾಗಿಲಲ್ಲಿ ಓವರ್ಸೇರಬಾಯಿ ತಡೆದು ನಿಂತು ಕೂಗಿದರು: "ಏ ಗುರುಸಿದ್ದಿ, ನನ್ನ ಚಪ್ಪಲಿ ಮೆಟ್ಟಿಕೊಂಡ ಹೊಂಟೀಯಲ್ಲ!"

ಕಂಪೌಂಡರಬಾಯಿ ಅಂಗಳದಲ್ಲಿ ನಿಂತುಬಿಟ್ಟರು. ಅವ್ವ ಸತ್ತ ಮೇಲೆ ಆ ಹೆಸರು ಹಿಡಿದು ಅವರನ್ನು ಯಾರೂ ಕರೆದಿರಲಿಲ್ಲ; ಓಣಿ ಮರೆತ ಅದನ್ನೂ ವೈರಿಯೇ ಜೋಪಾನವಾಗಿ ಇಟ್ಟುಕೊಂಡಿದ್ದರು. ತಿರುಗಿ ನೋಡಿ, ಚಪ್ಪಲಿ ಕಳಚಿ, "ತಗೋ ಕಾಶವ್ವ, ನಿಂದೂ ಹರಕ, ನಂದೂ ಹರಕ, ಗೊತ್ತಾಗಲಿಲ್ಲ" ಎಂದರು. ಇಬ್ಬರೂ ತಮ್ಮ ತಮ್ಮ ಚಪ್ಪಲಿ ಮೆಟ್ಟಿಕೊಂಡು ಮನೆಗೆ ಹೋದರು.

ಮನೆಯಲ್ಲಿ ಕಂಪೌಂಡರರು ಆರಾಮಕುರ್ಚಿಯಲ್ಲಿ ಕೂತಿದ್ದರು. ಅವರ ಧರ್ಮಪತ್ನಿ ಒಲೆ ಹಚ್ಚಿದರು, ಚಹಾಕ್ಕೆ ನೀರಿಟ್ಟರು. ಆಮೇಲೆ ಕೆನ್ನೆ ಕೆಂಪಗೆ ಮಾಡಿಕೊಂಡು, ಅಡಿಗೆಮನೆಯಿಂದಲೇ ಕೇಳಿದರು:

"ಚಾ ಕುಡೀತೀರೇನ್ರಿ, ವಿರುಪಾಕ್ಷಪ್ಪನವರ?"

ಕಂಪೌಂಡರರು ಗಡಬಡಿಸಿ ಎದ್ದು, ಧೋತರ ಸರಿಮಾಡಿಕೊಂಡು, ಬಾಗಿಲು ತೆರೆದು, ಯಾರು ಬಂದಿದ್ದಾರೆ ಎಂದು ಓಣಿಯ ಎರಡೂ ಕಡೆ ನೋಡಿದರು.