ಮೀನುಗಾರಿಕೆ ಮಂತ್ರಿಣಿಯೂ ಅತ್ತೆಯ ಬೋಗುಣಿಯೂ

ಒಂದು ಭಾನುವಾರ ಮಧ್ಯಾಹ್ನ, ಊಟದ ತಟ್ಟೆಗಳನ್ನು ತೊಳೆದಿಟ್ಟು ಕೈ ಒರೆಸಿಕೊಳ್ಳುತ್ತಾ, ಸಂಜೆಯೊಳಗೆ ನಮ್ಮ ಮನೆಯನ್ನು ಡೆನ್ಮಾರ್ಕ್ ಮಾಡಿಬಿಡುವುದೆಂದು ನಾನು ತೀರ್ಮಾನಿಸಿದೆ. ಇಡೀ ಮನೆಯನ್ನಲ್ಲ, ಊಟದ ಮೇಜು ಇರುವ ಮೂಲೆಯನ್ನು ಮಾತ್ರ. ಸುಧಾರಣೆಗಳನ್ನು ಹಂತ ಹಂತವಾಗಿ ತರಬೇಕೆಂದು ಆ ದೇಶದ ಮಂತ್ರಿಗಳನ್ನು ನೋಡಿ ನೋಡಿ ಕಲಿತಿದ್ದೆ.

ಆ ದೇಶಕ್ಕೆ ನಾನು ಹೋಗಿಲ್ಲ. ಹೋಗುವ ಯೋಗವೂ ಜಾತಕದಲ್ಲಿ ಇದ್ದಂತಿಲ್ಲ. ಆದರೆ ಅಲ್ಲಿನ ಸರ್ಕಾರ ಎಷ್ಟು ಮತಗಳ ಮೇಲೆ ತೂಗಾಡುತ್ತಿದೆ, ಯಾವ ಪಕ್ಷದ ಗಡ್ಡದವನು ಯಾರ ಬೆನ್ನಿಗೆ ಚೂರಿ ಹಾಕಲು ಹೊಂಚುತ್ತಿದ್ದಾನೆ ಎನ್ನುವುದೆಲ್ಲ ನನಗೆ ಅಂಗೈ ನೆಲ್ಲಿ. ಎಲ್ಲಾ ಒಂದು ಡ್ಯಾನಿಶ್ ಧಾರಾವಾಹಿಯ ಕೃಪೆ. ಅದರ ನಾಯಕಿ ಮೀನುಗಾರಿಕೆ ಮಂತ್ರಿಣಿ. ಸೈಕಲ್ಲಿನಲ್ಲಿ ಸಂಸತ್ತಿಗೆ ಬರುತ್ತಾಳೆ, ಹೆಲ್ಮೆಟ್ಟು ತೆಗೆಯುವ ಮೊದಲೇ ಎರಡು ಪಕ್ಷಗಳನ್ನು ಒಡೆದಿರುತ್ತಾಳೆ. ಎಲ್ಲವೂ ಬೆಣ್ಣೆಯಿಂದ ಕೂದಲು ತೆಗೆದ ಹಾಗೆ.

ಇದನ್ನು ನಾವು ನೋಡಲು ಶುರುಮಾಡಿದ್ದು ನನ್ನಾಕೆಯ ಕಾಲು ಮುರಿದ ಪುಣ್ಯಕಾಲದಲ್ಲಿ. ಅವಳು ಬಸ್ ಡಿಪೋದಲ್ಲಿ ಮೇಲ್ವಿಚಾರಕಿ. ಯಾವ ಡ್ರೈವರು ಯಾವ ಬಸ್ಸು ಹತ್ತಬೇಕು, ಯಾರ ರಜೆ ನಿಜ, ಯಾರ ಹೊಟ್ಟೆನೋವು ಸುಳ್ಳು ಎಂದು ನಿರ್ಧರಿಸುವುದು ಅವಳೇ. ಕೂತವಳೇ ಅಲ್ಲ. ಅಂಥವಳು ಡಿಪೋದ ಮೆಟ್ಟಿಲಲ್ಲಿ ಜಾರಿ, ಪ್ಲಾಸ್ಟರು ಹಾಕಿಸಿಕೊಂಡು ನಮ್ಮ ಸೋಫಾದ ಮೇಲೆ ಪ್ರತಿಷ್ಠಾಪಿತಳಾದಳು. ನಾನು ಕನ್ನಡಕದಂಗಡಿಯಲ್ಲಿ ಕಣ್ಣು ಪರೀಕ್ಷಿಸುವವನು. ಸಂಜೆ ಬೇಗ ಬಂದು ಅವಳ ಕಾಲನ್ನು ತೊಡೆಯ ಮೇಲಿನ ದಿಂಬಿಗೆ ಏರಿಸಿಕೊಂಡು ಟಿವಿ ಹಾಕುತ್ತಿದ್ದೆ. ನಡುವೆ ಅವಳು ನನ್ನ ಭುಜಕ್ಕೊರಗಿ ತೂಕಡಿಸುವಳು, ಎಚ್ಚರವಾದಾಗ "ಏನಾಯ್ತು, ಗಡ್ಡದವನು ಒಪ್ಪಿದನಾ?" ಎನ್ನುವಳು. ನಾನು ನಿಲ್ಲಿಸಿ, ಉಪ್ಪು ಖಾರ ಹಚ್ಚಿ ಹೇಳುವೆ. ಅವಳು ನಗುವಳು, ತನ್ನ ಡಿಪೋದ ಒಂದು ಗಡ್ಡವನ್ನು ನೆನೆಸಿಕೊಂಡು ಇನ್ನೊಂದು ಕತೆ ಹೇಳುವಳು. ಮದುವೆಯಾದ ಮೇಲೆ ಅಷ್ಟು ಸುಖವಾಗಿ ನಾನು ಇದ್ದದ್ದೇ ಇಲ್ಲ. ಮೂಳೆ ಕೂಡಿಕೊಳ್ಳಲಿ, ಆದರೆ ಅವಸರವೇನೂ ಬೇಡ ಎಂದು ದೇವರಲ್ಲಿ ಮೆಲ್ಲಗೆ ಕೇಳಿಕೊಂಡದ್ದೂ ಉಂಟು.

ದೇವರು ಕೇಳಲಿಲ್ಲ. ಮೂಳೆ ಕೂಡಿತು. ಅದೇ ವಾರ ಧಾರಾವಾಹಿಯ ಮೊದಲ ಭಾಗವೂ ಮುಗಿಯಿತು. ಮುಗಿದದ್ದಾದರೂ ಹೇಗೆ! ಮಂತ್ರಿಣಿ ರಾಜೀನಾಮೆ ಕೊಡಲೆಂದು ಪ್ರಧಾನಿಯ ಕೋಣೆಯ ಮುಂದೆ ನಿಂತಿದ್ದಾಳೆ, ಬಾಗಿಲ ಹಿಡಿಯ ಮೇಲೆ ಕೈ ಇಟ್ಟಿದ್ದಾಳೆ. ಅಷ್ಟೇ. ಎರಡನೇ ಭಾಗವನ್ನು ಒಬ್ಬರನ್ನು ಬಿಟ್ಟು ಒಬ್ಬರು ನೋಡಬಾರದೆಂದು ನಾವಿಬ್ಬರೂ ಕೈ ಮೇಲೆ ಕೈ ಹಾಕಿ ಒಪ್ಪಂದ ಮಾಡಿಕೊಂಡೆವು. ಕರಡು ನನ್ನದೇ.

ಒಪ್ಪಂದವೇನೋ ಆಯಿತು, ಆದರೆ ನನ್ನಾಕೆ ಕೂರಲಿಲ್ಲ. ಕರೆದರೆ "ಇವತ್ತು ಬೇಡ ರೀ, ಸುಸ್ತಾಗಿದೆ" ಎನ್ನುವಳು. ಮರುದಿನ ಕರೆದರೆ ಬಟ್ಟೆ ಮಡಿಚುವುದಿದೆ ಎನ್ನುವಳು. ಡಿಪೋದಿಂದ ಮನೆಗೆ ಬರುವ ದಾರಿಯಲ್ಲಾದರೂ ನಾಲ್ಕು ಮಾತಾಡೋಣವೆಂದು ಫೋನು ಮಾಡಿದರೆ ಯಾವಾಗಲೂ ಎಂಗೇಜು. ಬೇಜಾರಿನಿಂದ ಬಾಲ್ಕನಿಗೆ ಹೋದರೆ ಅಲ್ಲಿ ನಮ್ಮ ಜೊತೆಗೇ ಇರುವ ನನ್ನ ಅತ್ತೆ, ಅಂದರೆ ನನ್ನಾಕೆಯ ತಾಯಿ, ತಮ್ಮ ಫೋನಿನಲ್ಲಿ ಯಾರೊಂದಿಗೋ ಕಿಲಕಿಲ ನಗುತ್ತಿರುವರು. ಜಗತ್ತಿನಲ್ಲಿ ಎಲ್ಲರಿಗೂ ಮಾತಾಡಲು ಯಾರೋ ಇದ್ದಾರೆ, ನನಗೊಬ್ಬನಿಗೇ ಇಲ್ಲ ಎಂದುಕೊಂಡು ಒಳಗೆ ಬರುತ್ತಿದ್ದೆ.

ಅಂಗಡಿಯಲ್ಲೋ ದಿನಾ ಅಗ್ನಿಪರೀಕ್ಷೆ. ಗಾಜು ಕೂರಿಸುವ ಸಹೋದ್ಯೋಗಿ ಎರಡನೇ ಭಾಗವನ್ನು ನೋಡಿ ಅರಗಿಸಿಕೊಂಡಿದ್ದ. "ಏನ್ ಸಾರ್, ನಿಮ್ಮ ಮಂತ್ರಿಣಿ ಇನ್ನೂ ಬಾಗಿಲಲ್ಲೇ ನಿಂತಿದ್ದಾಳಾ? ಪಾಪ, ಕಾಲು ನೋಯುತ್ತೆ," ಎನ್ನುವನು. ಗಿರಾಕಿಗಳೂ ಅಷ್ಟೇ. ಅಕ್ಷರದ ಹಲಗೆಯನ್ನು ಓದಿ ಎಂದರೆ ಓದುವುದು ಬಿಟ್ಟು ಡೆನ್ಮಾರ್ಕಿನ ಸುದ್ದಿ ತೆಗೆಯುವರು. ಅಂಥವರ ಕಣ್ಣಿಗೆ ಹನಿ ಹಾಕಿ ಮುಚ್ಚಿಸುತ್ತಿದ್ದೆ. ಬಾಯಿಗೆ ಹಾಕುವ ಹನಿಯನ್ನು ಇನ್ನೂ ಯಾರೂ ಕಂಡುಹಿಡಿದಿಲ್ಲ.

ಹೀಗೆ ಕೊರಗುತ್ತಿದ್ದಾಗಲೇ ನನಗೆ ಜ್ಞಾನೋದಯವಾದದ್ದು. ಆ ಧಾರಾವಾಹಿಯ ಮನೆಗಳಲ್ಲಿ ನಮ್ಮ ಹಾಗೆ ನೆತ್ತಿಯ ಮೇಲೆ ಟ್ಯೂಬ್‌ಲೈಟಿಲ್ಲ. ಊಟದ ಮೇಜಿನ ಮೇಲೆ ಒಂದೇ ದೀಪ, ಅದೂ ಎಷ್ಟು ಕೆಳಗೆ ತೂಗುತ್ತದೆಂದರೆ ಎದುರು ಕೂತವರ ಮುಖ ಬಿಟ್ಟರೆ ಬೇರೇನೂ ಕಾಣುವುದಿಲ್ಲ. ಎಂಥ ಬದ್ಧವೈರಿಯೂ ಅದರ ಕೆಳಗೆ ಕೂತರೆ ಮೆತ್ತಗಾಗುತ್ತಾನೆ. ನಮ್ಮ ಟ್ಯೂಬ್‌ಲೈಟು ಮೂಲೆ ಮೂಲೆಗೂ ಬೆಳಕು ಹಂಚುವುದರಿಂದಲೇ ನನ್ನಾಕೆಯೂ ಮೂಲೆ ಮೂಲೆಗೆ ಹೋಗುತ್ತಿದ್ದಾಳೆ. ಬೆಳಕನ್ನು ಒಂದೇ ಕಡೆ ಇಟ್ಟರೆ ಅವಳೂ ಅಲ್ಲೇ ಬಂದು ಕೂರುತ್ತಾಳೆ. ಕೂತ ಮೇಲೆ ಧಾರಾವಾಹಿಗೆ ಎಷ್ಟು ದೂರ? ಕಣ್ಣಿನ ವಿಷಯ ಬಲ್ಲವನ ಸಿದ್ಧಾಂತವಿದು, ಸುಮ್ಮನೆ ಅಲ್ಲ.

ಅವಳು ಆ ಭಾನುವಾರವೂ ಡಿಪೋಗೆ ಹೋಗಿದ್ದಳು. ಅತ್ತೆ "ಸ್ವಲ್ಪ ಅಡ್ಡಾಗ್ತೀನಿ" ಎಂದು ಹಾಲಿನ ಸೋಫಾಕ್ಕೆ ಹೋಗಿದ್ದರು. ನಾನು ಅಡುಗೆಮನೆಯಿಂದ ಅವರ ಅಗಲ ಬಾಯಿಯ ಅಲ್ಯೂಮಿನಿಯಂ ಬೋಗುಣಿಯನ್ನು ತಂದು ತಳಕ್ಕೆ ತೂತು ಕೊರೆದೆ, ವೈರು ತೂರಿಸಿದೆ, ಒಳಗೊಂದು ಬಲ್ಬು ಸಿಕ್ಕಿಸಿದೆ. ಕವುಚಿ ಹಿಡಿದರೆ ಸಾಕ್ಷಾತ್ ಡೆನ್ಮಾರ್ಕ್! ಧೂಳು ಹಾರದಿರಲೆಂದು ಹಾಲಿನ ಬಾಗಿಲು ಮುಚ್ಚಿ, ಮೇಜಿನ ಮೇಲೆ ಕುರ್ಚಿ, ಕುರ್ಚಿಯ ಮೇಲೆ ನಾನು. ಚಾವಣಿಗೆ ಕೊಕ್ಕೆ ಹೊಡೆದು ಬೋಗುಣಿಯನ್ನು ಎದೆಯ ಮಟ್ಟಕ್ಕೆ ಇಳಿಬಿಟ್ಟೆ. ಒಂದು ಕೊಕ್ಕೆ ಸಾಲದೆಂದು ತೋರಿ ಭದ್ರತೆಗೆ ಇನ್ನೊಂದು ತೂತು ಕೊರೆಯತೊಡಗಿದೆ. ಇರಲಾರದೆ ಇರುವೆ ಬಿಟ್ಟುಕೊಳ್ಳುವುದೆಂದರೆ ಇದೇ.

ಡ್ರಿಲ್ಲು ಗಾರೆಯನ್ನು ದಾಟಿ ಒಳಗೆ ಏನನ್ನೋ ಮುಟ್ಟಿತು. ಚಟ್ ಎಂದು ನೀಲಿ ಕಿಡಿ ಹಾರಿತು. ಫ್ಯಾನು ನಿಂತಿತು, ಫ್ರಿಜ್ಜು ನಿಟ್ಟುಸಿರು ಬಿಟ್ಟಿತು. ಹಾಲಿನಿಂದ ಟಪ್ ಎಂಬ ಸದ್ದೂ, ಅದರ ಹಿಂದೆಯೇ ಅತ್ತೆಯ ಕೂಗೂ ಕೇಳಿಸಿತು.

"ಅಯ್ಯೋ, ಆ ಮೂಗಿ ಇನ್ನೇನು ಸಹಿ ಹಾಕೋಳಿದ್ದಳು, ಟಿವಿ ಸತ್ತೇ ಹೋಯ್ತಲ್ಲ!"

ನಾನು ಕುರ್ಚಿಯಿಂದ ಇಳಿದು, ಮೇಜಿನಿಂದ ಇಳಿದು, ಬಾಗಿಲು ತೆಗೆದೆ. ಟಿವಿಯ ಬೆನ್ನಿಂದ ತೆಳ್ಳಗೆ ಹೊಗೆ ಏಳುತ್ತಿತ್ತು.

"ಯಾವ ಮೂಗಿ ಅತ್ತೆ?"

"ಅದೇ, ಉದ್ದ ಮೂಗಿನೋಳು. ನಿಮ್ಮ ಮೀನಿನ ಮಂತ್ರಿ. ಕೊನೇ ಕಂತು ಅಳಿಯಂದಿರೇ, ಇನ್ನೊಂದು ಚೂರು ಇತ್ತು ಅಷ್ಟೇ."

"ಎರಡನೇ ಭಾಗ ಪೂರ್ತಿ ನೋಡಿದ್ರಾ? ಒಪ್ಪಂದ ಇತ್ತಲ್ಲ ಅತ್ತೆ?"

"ಒಪ್ಪಂದ ನೀವಿಬ್ಬರೂ ಮಾಡ್ಕೊಂಡದ್ದು. ನನ್ನನ್ನ ಯಾರು ಕರೆದ್ರು?"

"ಆದ್ರೆ ಕೆಳಗೆ ಬರೋ ಸಬ್‌ಟೈಟಲ್ ಅಕ್ಷರ ನಿಮಗೆ ಓದಕ್ಕಾಗಲ್ವಲ್ಲ. ಕನ್ನಡಕ ಬದಲಾಯಿಸ್ಬೇಕು ಅಂತ ನಾನೇ ಹೇಳಿದ್ದೆ."

"ಓದೋದ್ಯಾಕೆ? ಮುಖ ನೋಡಿದ್ರೆ ಗೊತ್ತಾಗಲ್ವಾ? ಗಡ್ಡದವನು ಮೋಸಗಾರ. ಪ್ರಧಾನಿಗೆ ಹೆಂಡತಿ ಕಂಡ್ರೆ ಭಯ. ಮೂಗಿಗೆ ಮನೆ ನೆನಪು." ಅಷ್ಟು ಹೇಳಿ ಅವರು ನನ್ನ ಹಿಂದೆ ಊಟದ ಮೇಜಿನ ಕಡೆ ನೋಡಿದರು. "ಅಲ್ಲಿ ನೇತಾಡ್ತಿರೋದು ನನ್ನ ಬೋಗುಣಿನಾ?"

ಆ ಪ್ರಶ್ನೆಗೆ ಉತ್ತರ ಕೊಡುವ ಧೈರ್ಯ ಡೆನ್ಮಾರ್ಕಿನ ಯಾವ ಮಂತ್ರಿಗೂ ಇರಲಾರದು. ನಾನು ನನ್ನಾಕೆಗೆ ಫೋನು ಮಾಡಿದೆ.

ಅವಳು ಬರುವಷ್ಟರಲ್ಲಿ ಮುಸ್ಸಂಜೆ. ಹಾಲಿನಲ್ಲಿ ನಿಂತು ಟಿವಿಯ ಬೆನ್ನು ನೋಡಿದಳು, ಚಾವಣಿಯ ತೂತು ನೋಡಿದಳು, ಬೋಗುಣಿ ನೋಡಿದಳು. ವಿಚಾರಣೆ ಶುರುವಾಯಿತು.

"ಮೇನ್ ಆಫ್ ಮಾಡಿದ್ರಾ?"

"ಆ ರೂಮಿನ ಸ್ವಿಚ್ ಆಫ್ ಮಾಡಿದ್ದೆ."

"ನಾನು ಕೇಳಿದ್ದು ಮೇನು."

"ಬೆಳಕನ್ನ ಕೇಂದ್ರೀಕರಿಸೋದು ಹೇಗೆ ಅಂತ ನನ್ನ ಒಂದು ಸಿದ್ಧಾಂತ..."

"ಕಾಣ್ತಿದೆ, ಕತ್ತಲೆ ಚೆನ್ನಾಗಿ ಕೇಂದ್ರೀಕೃತವಾಗಿದೆ," ಎಂದಳು. ಎಲೆಕ್ಟ್ರಿಷಿಯನ್ನಿಗೆ ಫೋನು ಮಾಡಿದಳು. ಅವನು ನಾಳೆ ಬರುತ್ತೇನೆಂದ. ಅತ್ತೆ ಎಲ್ಲಿಂದಲೋ ಮೊಂಬತ್ತಿ ತಂದು ಬೋಗುಣಿಯ ಕೆಳಗೆ ಮೇಜಿನ ಮೇಲಿಟ್ಟರು. ಬೇರೆ ಎಲ್ಲೂ ಬೆಳಕಿರಲಿಲ್ಲವಾಗಿ ನನ್ನಾಕೆ ಕುರ್ಚಿ ಎಳೆದು ಅಲ್ಲೇ ಕೂತಳು, ನನ್ನ ಎದುರಿಗೆ. ಅವಳ ಮುಖ ಬಿಟ್ಟರೆ ಬೇರೇನೂ ಕಾಣಿಸುತ್ತಿರಲಿಲ್ಲ. ಮೂಗಿನ ಮೇಲೆ ಕನ್ನಡಕದ ಗುರುತು ಬಿದ್ದಿತ್ತು, ಕಣ್ಣು ದಣಿದಿತ್ತು. ಎಷ್ಟು ದಿನವಾಗಿತ್ತು ನಾನು ಅವಳನ್ನು ಹೀಗೆ ನೋಡಿ.

"ಇದಕ್ಕೇ ಇಷ್ಟೆಲ್ಲ ಮಾಡಿದ್ದು," ಎಂದೆ. "ನೀನು ನನ್ನ ಜೊತೆ ಕೂತು ಎರಡನೇ ಭಾಗ ನೋಡ್ಲಿ ಅಂತ. ಈಗ ಟಿವಿನೂ ಹೋಯ್ತು. ಅತ್ತೆ ಎಲ್ಲಾ ನೋಡಿಬಿಟ್ಟಿದ್ದಾರೆ. ಏನೂ ಗೊತ್ತಿಲ್ಲದೆ ಉಳಿದವರು ಈ ಪ್ರಪಂಚದಲ್ಲಿ ನಾವಿಬ್ಬರೇ."

ನನ್ನಾಕೆ ಮೊಂಬತ್ತಿಯನ್ನು ಸ್ವಲ್ಪ ಆಚೆ ಸರಿಸಿದಳು. "ನನಗೆ ಗೊತ್ತು ರೀ. ಅಮ್ಮ ಹೇಳ್ತಾಳೆ. ದಿನಾ ಬಸ್ಸಲ್ಲಿ ಬರ್ತಾ ಕೇಳಿಸ್ಕೊಳ್ತೀನಿ."

ಎಂಗೇಜಾಗಿದ್ದ ಫೋನು, ಬಾಲ್ಕನಿಯ ಕಿಲಕಿಲ, ಎರಡೂ ನನ್ನ ತಲೆಯೊಳಗೆ ಒಟ್ಟಿಗೆ ಬಂದು ಕೂತವು. ಊರಿನವರ ದೃಷ್ಟಿಯನ್ನೆಲ್ಲ ಸರಿಮಾಡುವವನಿಗೆ ತನ್ನ ಬಾಲ್ಕನಿಯೇ ಕಂಡಿರಲಿಲ್ಲ. ದೀಪದ ಬುಡದಲ್ಲೇ ಕತ್ತಲೆ ಎಂದು ಹಿರಿಯರು ಸುಮ್ಮನೆ ಹೇಳಿಲ್ಲ.

"ಅಮ್ಮನ ಹತ್ರ ಕೇಳೋ ಬದಲು ನನ್ನ ಜೊತೆ ನೋಡಬಹುದಿತ್ತಲ್ಲ?"

"ನಿಮ್ಮ ಜೊತೆ ಮಾತಾಡೋ ಹಾಗಿಲ್ಲವಲ್ಲ," ಎಂದಳು. ಧ್ವನಿಯಲ್ಲಿ ಸಿಟ್ಟಿರಲಿಲ್ಲ. "ಮೊದಮೊದಲು ಎಷ್ಟು ಚೆನ್ನಾಗಿತ್ತು. ನಾನು ಏನಾದ್ರೂ ಕೇಳಿದ್ರೆ ನಿಲ್ಲಿಸಿ ಹೇಳ್ತಿದ್ರಿ. ಆಮೇಲೆ ನಿಮಗೆ ಅದರ ಹುಚ್ಚು ಹಿಡೀತು. ಬಾಯಿ ತೆಗೆದ್ರೆ 'ಶ್' ಅಂತೀರ. ಅಕ್ಷರ ತಪ್ಪಿಹೋಗುತ್ತೆ ಅಂತೀರ. ಕೊನೇ ಕಂತಿನ ದಿನ ನನಗೆ ಕೆಮ್ಮು ಬಂದಿತ್ತು, ಅದಕ್ಕೂ 'ಶ್' ಅಂದ್ರಿ. ದಿನವಿಡೀ ನಾನು ಡ್ರೈವರ್‌ಗಳ ಮಾತು ಕೇಳಿರ್ತೀನಿ. ಮನೆಗೆ ಬಂದ್ಮೇಲೆ ನನ್ನ ಮಾತನ್ನೂ ಯಾರಾದ್ರೂ ಕೇಳ್ಲಿ ಅನ್ಸುತ್ತೆ."

ನಮ್ಮ ಮನೆಯಲ್ಲಿ ಆ ಧಾರಾವಾಹಿ ನಡೆಯುವಾಗ ಕುಕ್ಕರು ಕೂಡ ನನ್ನ ಮುಖ ನೋಡಿ ಕೂಗುತ್ತಿತ್ತೆಂದು ಅಂಗಡಿಯಲ್ಲಿ ಜಂಭ ಕೊಚ್ಚಿಕೊಂಡವನು ನಾನೇ.

"ಹೇಳು," ಎಂದೆ. "ಈಗ ಹೇಳು. ಡಿಪೋದಲ್ಲಿ ಏನು ಸಮಾಚಾರ?"

ಅವಳು ನನ್ನನ್ನು ಅನುಮಾನದಿಂದ ನೋಡಿದಳು. ಆಮೇಲೆ ಮೊಣಕೈ ಮೇಜಿಗೆ ಊರಿ ಮುಂದೆ ಬಾಗಿದಳು. "ಒಬ್ಬ ಮೀಸೆ ಡ್ರೈವರ್ ಇದ್ದಾನೆ. ಯಾರ ಹತ್ರಾನೂ ಮಾತಿಲ್ಲ. ಎಷ್ಟು ಹೇಳಿದ್ರೂ ರೂಟು ಬದಲಾಯಿಸಲ್ಲ. ಅವನ ದಾರೀಲಿ ಒಂದು ಸ್ಟಾಪ್ ಇದೆ, ಅಲ್ಲಿ ಯಾರೂ ಹತ್ತಲ್ಲ, ಯಾರೂ ಇಳಿಯಲ್ಲ. ಆದ್ರೂ ದಿನಾ ಅಲ್ಲಿ ಬಸ್ ನಿಲ್ಲಿಸಿ ಬಾಗಿಲು ತೆಗೀತಾನೆ. ಸುಮ್ನೆ ಕಾಯ್ತಾನೆ. ಆಮೇಲೆ ಮುಚ್ಕೊಂಡು ಹೋಗ್ತಾನೆ. ಪ್ರಯಾಣಿಕರು ದೂರು ಕೊಟ್ರು. ಕರೆಸಿ ಕೇಳಿದೆ, ಯಾಕಪ್ಪ ಅಂತ. ತಲೆ ತಗ್ಗಿಸಿ ನಿಂತಿದ್ದ. ಆಮೇಲೆ ಹೇಳ್ದ, ಮೇಡಂ ಅಲ್ಲಿ..."

ಅಷ್ಟರಲ್ಲಿ ಅವಳ ಫೋನು ಬಡಿದುಕೊಂಡಿತು. ದಾರಿಯಲ್ಲಿ ಒಂದು ಬಸ್ಸು ಕೆಟ್ಟು ನಿಂತಿತ್ತು. ಬದಲಿ ಬಸ್ಸಿಗೆ ಡ್ರೈವರಿರಲಿಲ್ಲ. ಅವಳು ಆಗಲೇ ಎದ್ದು ಚಪ್ಪಲಿ ಹುಡುಕುತ್ತಿದ್ದಳು.

"ಅಲ್ಲಿ ಏನಂತೆ?" ಎಂದು ಬಾಗಿಲವರೆಗೂ ಹಿಂದೆ ಹೋದೆ.

"ಬಂದು ಹೇಳ್ತೀನಿ ರೀ, ಬೇಗ ಬರ್ತೀನಿ."

ಬಾಗಿಲ ಹಿಡಿಯ ಮೇಲೆ ಕೈಯಿಟ್ಟು ಒಂದು ಸಲ ತಿರುಗಿ ನೋಡಿ ನಕ್ಕಳು, ಹೋದಳು. ನಾನು ಬಂದು ಬಾಗಿಲು ಕಾಣುವ ಹಾಗೆ ಕುರ್ಚಿ ತಿರುಗಿಸಿಕೊಂಡು ಬೋಗುಣಿಯ ಕೆಳಗೆ ಕೂತೆ. ಮಂತ್ರಿಣಿ ರಾಜೀನಾಮೆ ಕೊಟ್ಟಳೋ ಬಿಟ್ಟಳೋ, ಅದು ನೆನಪಿಗೂ ಬರಲಿಲ್ಲ. ನನ್ನಾಕೆ ಯಾವಾಗ ಬಂದಾಳು ಎಂಬುದೊಂದೇ ಮನಸ್ಸಿನಲ್ಲಿತ್ತು.

ಅತ್ತೆ ಎದುರಿನ ಕುರ್ಚಿಯಲ್ಲಿ ಕೂತರು. "ಆ ಮೀಸೆಯವನ ಕತೆ ನನಗೆ ಗೊತ್ತು ಅಳಿಯಂದಿರೇ. ಹೋದ ವಾರ ನನಗೆ ಪೂರ್ತಿ ಹೇಳಿದ್ಲು. ಹೇಳ್ಲಾ? ಅವನೂ ನಿಮ್ಮ ಥರಾನೇ, ಪಾಪ..."

"ಬೇಡ ಅತ್ತೆ, ಬೇಡ, ಅವಳೇ ಬಂದು ಹೇಳ್ಲಿ!" ಎಂದು ಎರಡೂ ಕಿವಿ ಮುಚ್ಚಿಕೊಂಡು ಎದ್ದೆ.

ಬೋಗುಣಿ ಹಣೆಗೆ ಢಣ್ಣೆಂದು ಬಡಿಯಿತು. ಅತ್ತೆ ಮೊಂಬತ್ತಿ ಎತ್ತಿ ಹಿಡಿದು ಮೊದಲು ಬೋಗುಣಿಯನ್ನು ಸುತ್ತಲೂ ಪರೀಕ್ಷಿಸಿದರು. ಅದು ನೆಗ್ಗಿಲ್ಲವೆಂದು ಖಾತ್ರಿಯಾದ ಮೇಲೆ ನನ್ನ ಹಣೆಯ ಬುಗುಟನ್ನು ನೋಡಿದರು. ಆಮೇಲೆ ಸೆರಗಿನಲ್ಲಿ ಕೈ ಒರೆಸಿಕೊಂಡು, ಆರಾಮವಾಗಿ ಕೂತು, ಫೋನು ತೆಗೆದು ನಂಬರು ಒತ್ತಿದರು.

"ಬಸ್ ಹತ್ತಿದ್ಯೇನೇ? ಸೀಟ್ ಸಿಕ್ತಾ? ಹಾಗಾದ್ರೆ ಕೇಳು, ಮೂಗಿ ಕತೆ ಇರ್ಲಿ, ಇವತ್ತು ನಿನ್ನ ಗಂಡ ಅದಕ್ಕಿಂತ ಚೆನ್ನಾಗಿ ಮಾಡಿದ್ರು. ಮೊದಲಿಂದ ಹೇಳ್ತೀನಿ..."

ಫೋನಿನೊಳಗಿಂದ ನನ್ನಾಕೆಯ ನಗು ಸಣ್ಣಗೆ ಕೇಳಿಸಿತು. ಸೋಫಾದ ಮೇಲೆ, ನನ್ನ ಭುಜದ ಪಕ್ಕ ನಗುತ್ತಿದ್ದಳಲ್ಲ, ಅದೇ ನಗು.

"ಅತ್ತೆ, ಒಂದು ನಿಮಿಷ ಕೊಡಿ," ಎಂದು ಕೈ ಚಾಚಿದೆ. "ನಾನು ಅವಳ ಹತ್ರ ಮಾತಾಡ್ಬೇಕು."

"ಶ್," ಎಂದರು ಅತ್ತೆ.