ಕುರ್ಚಿಯ ಮೇಲೆ ಕೂತ ಚಿತ್ರ

ಎಲ್ಲದಕ್ಕೂ ಕಾರಣ ಆ ಗಾಜು. ಅದೊಂದು ಇರದಿದ್ದರೆ ಮುತ್ತಪ್ಪ ಗೋಡೆಯ ಮೇಲಿದ್ದ ಚಿತ್ರದ ಫೋಟೋ ಹೊಡೆದುಕೊಂಡು, ಮಧ್ಯಾಹ್ನದ ಬಸ್ಸಿಗೆ ಬೈಲಹೊಂಗಲ ಸೇರಿ, ಉಂಡು ಮಲಗಿರುತ್ತಿದ್ದ.

ಮುತ್ತಪ್ಪನ ಸ್ಟುಡಿಯೋ ಈಗ ಹೆಸರಿಗಷ್ಟೇ. ಮದುವೆಗಳಿಗೆ ಡ್ರೋನಿನವರು ಬಂದರು, ಉಳಿದದ್ದಕ್ಕೆಲ್ಲ ಮೊಬೈಲ್ ಬಂತು. ಅವನ ಪಾಲಿಗೆ ಉಳಿದದ್ದು ಸತ್ತವರ ಫೋಟೋ ದೊಡ್ಡದು ಮಾಡಿಕೊಡುವ ಕೆಲಸ. ಅಂಥದರಲ್ಲಿ ಬೆಂಗಳೂರಿನ ಒಂದು ಕಲಾ ಸಂಗ್ರಹಾಲಯದ ಪ್ರಣಿತಾ ಮೇಡಂ ಫೋನ್ ಮಾಡಿದ್ದರು. ಈ ಸೀಮೆಯ ಮನೆಗಳಲ್ಲಿರುವ ಹಳೆಯ ಚಿತ್ರಗಳನ್ನೆಲ್ಲ, ಬಣ್ಣ ಚೂರೂ ಹೆಚ್ಚುಕಡಿಮೆಯಾಗದಂತೆ ಫೋಟೋ ತೆಗೆದು ಕಾಯ್ದಿಡಬೇಕು. ಇವತ್ತು ಸಂಜೆಯೊಳಗೆ ಒಂದು ಮಾದರಿ ಕಳಿಸಿದರೆ, ಸವದತ್ತಿ, ರಾಮದುರ್ಗದವರೆಗಿನ ಕೆಲಸವೆಲ್ಲ ನಿಮ್ಮದೇ ಎಂದಿದ್ದರು. ಸ್ಟುಡಿಯೋದ ಬಾಗಿಲು ತೆರೆದಿರುವುದೋ ಮುಚ್ಚುವುದೋ ಅದರ ಮೇಲಿತ್ತು.

ಮಾದರಿಗೆ ಅವನು ಆರಿಸಿದ್ದು ದೊಡವಾಡದ ಬಸಯ್ಯಜ್ಜನ ಚಿತ್ರ. ಅಜ್ಜನ ಮೀಸೆ ಕಪ್ಪಗಿದ್ದ ಕಾಲದಲ್ಲಿ, ನಾಟಕದ ಪರದೆ ಬರೆಯುತ್ತ ಊರೂರು ತಿರುಗುತ್ತಿದ್ದ ಕಲಾವಿದನೊಬ್ಬ ಬರೆದದ್ದು. ಹೊಗೆ ಹಿಡಿದು ಕಪ್ಪಾಗಿತ್ತು. ಗಾಜು ಬಿಚ್ಚೋಣವೆಂದರೆ ಬಣ್ಣ ಗಾಜಿಗೇ ಅಂಟಿತ್ತು. ಬಿಚ್ಚದೆ ಹೊಡೆದರೆ ಅಜ್ಜನ ಮೀಸೆಯ ಜಾಗದಲ್ಲಿ ಮುತ್ತಪ್ಪನ ಮೂಗು ಕಾಣುತ್ತಿತ್ತು.

ಕಿವಿ ಮಂದವಾದ ಬಸಯ್ಯಜ್ಜ ಒಳಗೆ ಮಲಗಿದ್ದ. ಮಗ, ಸೊಸೆ ಹೊಲಕ್ಕೆ ಹೋಗಿದ್ದರು. ಮುತ್ತಪ್ಪ ಚಿತ್ರವನ್ನು ಅಂಗಳಕ್ಕೆ ತಂದು ನೆರಳಲ್ಲಿ ಕುರ್ಚಿಯ ಮೇಲಿಟ್ಟ. ಎರಡೂ ಬದಿಗೆ ಸ್ಟುಡಿಯೋದ ದೀಪ ನಿಲ್ಲಿಸಿದ. ಗಾಜಿನಲ್ಲಿ ತನ್ನ ಬಿಂಬ ಬೀಳದಿರಲೆಂದು ಕರಿ ಬಟ್ಟೆಯೊಂದನ್ನು ಎದುರಿಗೆ ಕಟ್ಟಿ, ಅದರ ತೂತಿನೊಳಗಿಂದ ಕ್ಯಾಮೆರಾದ ಮೂತಿಯನ್ನಷ್ಟೇ ಹೊರಗೆ ಬಿಟ್ಟ. ಯಾರೂ ತೊಂದರೆ ಕೊಡದಿರಲೆಂದು ಮೊಬೈಲನ್ನೂ ಬಂದ್ ಮಾಡಿದ.

ನಮ್ಮ ಕಡೆ ಮನೆ ಮುಂದೆ ಕುರ್ಚಿಯ ಮೇಲೆ ಹಿರಿಯರ ಚಿತ್ರ, ಆಚೀಚೆ ದೀಪ ಕಂಡರೆ ಏನಾಯಿತೆಂದು ಯಾರೂ ಕೇಳುವುದಿಲ್ಲ. ನೇರವಾಗಿ ಅಳುತ್ತಾರೆ.

ಮೊದಲು ಅತ್ತವಳು ಎದುರುಮನೆಯ ಚನ್ನವ್ವ. “ಅಯ್ಯ ಶಿವನ! ನಿನ್ನೆರ ನಮ್ಮ ಮನ್ಯಾಗ ಚಾ ಕುಡದು ಹೋಗಿದ್ದೆಲ್ಲೋ ಯಜ್ಜಾ!”

“ಯಕ್ಕಾರ, ಗದ್ದಲ ಮಾಡಬ್ಯಾಡ್ರಿ. ಯಾರೂ ಮುಟ್ಟಬ್ಯಾಡ್ರಿ, ಹಿಂದ ಸರೀರಿ,” ಎಂದ ಮುತ್ತಪ್ಪ ಬಟ್ಟೆಯ ಹಿಂದಿನಿಂದ. ಅವನ ಕಣ್ಣೆಲ್ಲ ಅಜ್ಜನ ಮೀಸೆಯ ಮೇಲಿತ್ತು.

“ಮುಟ್ಟಬಾರದಂತ. ಪೊಲೀಸ್ರು ಬರೂದೈತೇನೋ,” ಎಂದು ಚನ್ನವ್ವ ಓಣಿಗೆಲ್ಲ ಸಾರಿದಳು. ಓಣಿ ಅಂಗಳಕ್ಕೆ ಬಂತು.

ಬಸ್‌ಸ್ಟ್ಯಾಂಡಿನಲ್ಲಿ ಹೂವು ಮಾರುವ ಬಾಬುಸಾಬನೂ ಬಂದ. “ಭಾಳ ಚಲೋ ಮನಷ್ಯಾ,” ಎಂದು ಕಣ್ಣೊರೆಸಿಕೊಂಡು ದೊಡ್ಡದೊಂದು ಚೆಂಡುಹೂವಿನ ಮಾಲೆಯನ್ನು ಚಿತ್ರಕ್ಕೆ ಹಾಕಿಯೇಬಿಟ್ಟ.

ಕ್ಯಾಮೆರಾದೊಳಗೆ ಮೀಸೆ ಮಾಯವಾಗಿ ಚೆಂಡುಹೂವು ಕಂಡದ್ದೇ ಮುತ್ತಪ್ಪ ಹೊರಗೆ ನುಗ್ಗಿದ. “ಮಾಲಿ ತಗೀರಿ!” ಎಂದು ಬಾಯಿ ತೆರೆದು ಗಾಜಿನ ಮುಂದೆ ಬಗ್ಗಿದ. ಅದೇ ಹೊತ್ತಿಗೆ ಚನ್ನವ್ವ ಪಕ್ಕದಿಂದ ಮೊಬೈಲಿನಲ್ಲಿ ಚಿತ್ರವನ್ನು ಹಿಡಿದು, ‘ದೊಡವಾಡದಲ್ಲಿ ಇಂದು ನಿಧನ, ಓಂ ಶಾಂತಿ’ ಎಂದು ಗೊತ್ತಿದ್ದವರಿಗೆಲ್ಲ ಕಳಿಸಿದಳು.

“ಅಜ್ಜಾರು ಸತ್ತಿಲ್ರೀ! ಒಳಗ ಮಕ್ಕೊಂಡಾರ!” ಎಂದ ಮುತ್ತಪ್ಪ.

“ಪಾಪ, ಮನಸಿಗೆ ಹಚ್ಕೊಂಡಾನ. ಅತ್ತು ಹಗುರ ಆಗಲಿ ಬಿಡ್ರಿ,” ಎಂದ ಬಾಬುಸಾಬ.

ಅಷ್ಟರಲ್ಲಿ ಬಸಯ್ಯಜ್ಜ ಕೋಲೂರಿಕೊಂಡು ಬಾಗಿಲಿಗೆ ಬಂದ. “ಯಾರು ಹೋದ್ರಬೇ?”

ಅಳು ಟಪ್ಪನೆ ನಿಂತಿತು. ಅಜ್ಜ ಮಾಲೆ ನೋಡಿದ, ದೀಪ ನೋಡಿದ, ಕೊನೆಗೆ ನೆರೆದವರನ್ನು ಒಬ್ಬೊಬ್ಬರಾಗಿ ನೋಡಿದ.

“ಇಷ್ಟ ಮಂದೀನ?” ಎಂದ. “ಇಡೀ ಊರು ಬರತೈತಿ ಅಂತ ತಿಳಕೊಂಡಿದ್ದೆ.”

ಒಬ್ಬೊಬ್ಬರೇ ಜಾಗ ಖಾಲಿ ಮಾಡಿದರು. ಬಾಬುಸಾಬ ಮಾಲೆಗೆ ನೀರು ಚಿಮುಕಿಸಿ ವಾಪಸು ಒಯ್ದ. ಅಜ್ಜ ಮುಖ ತಿರುಗಿಸಿಕೊಂಡು ಕಟ್ಟೆಯ ಮೇಲೆ ಕೂತುಬಿಟ್ಟ.

ಆ ಮೇಲೆ ಮುತ್ತಪ್ಪ ಹೊಡೆದ ಫೋಟೋ ಮಾತ್ರ ಅಪ್ಪಟವಾಗಿ ಬಂತು. ಗಾಜು ಇದೆಯೆಂದೇ ಅನಿಸದು; ಮೀಸೆಯ ಒಂದೊಂದು ಎಳೆಯೂ ಎಣಿಸುವಂತಿತ್ತು. ಎಷ್ಟೋ ದಿನಗಳ ಮೇಲೆ ಅವನಿಗೆ ಸಂತೋಷವಾಯಿತು. ಮನೆಗೆ ಹೋಗಿ ಕಂಪ್ಯೂಟರಿನಿಂದ ಕಳಿಸಿದರಾಯಿತೆಂದು ಬಸ್ಸು ಹತ್ತಿದ.

ಮನೆಯ ಮುಂದೆ ಚಪ್ಪಲಿಗಳ ರಾಶಿ. ಅಂಗಳದಲ್ಲಿ ಕುರ್ಚಿ, ಆಚೀಚೆ ದೀಪ. ಕುರ್ಚಿಯ ಮೇಲೆ ಚನ್ನವ್ವ ಹೊಡೆದು ಕಳಿಸಿದ್ದ, ಅವನದೇ ಸ್ಟುಡಿಯೋದಲ್ಲಿ ದೊಡ್ಡದು ಮಾಡಿಸಿದ ಫೋಟೋ: ಬಸಯ್ಯಜ್ಜನ ಚೌಕಟ್ಟು, ಬಾಬುಸಾಬನ ಮಾಲೆ, ಕಪ್ಪು ಗಾಜಿನೊಳಗೆ ಬಾಯಿ ತೆರೆದ ಮುತ್ತಪ್ಪ.

ಅವನನ್ನು ಕಂಡು ಹೆಂಡತಿ ರಾಮವ್ವ ಚೀರಿದಳು. ಮುಟ್ಟಿ ನೋಡಿ ಮತ್ತೆ ಚೀರಿದಳು. “ಸಾಯದಿದ್ರ ಫೋನ್ ಯಾಕ ಬಂದ್ ಇಟ್ಟಿದ್ರಿ?”

ಮುತ್ತಪ್ಪ ಬಂದ್ ಮಾಡಿದ್ದ ಫೋನನ್ನು ಚಾಲೂ ಮಾಡಿದ. ಜಿಲ್ಲೆಯ ಫೋಟೋಗ್ರಾಫರುಗಳ ವಾಟ್ಸಾಪ್ ಗುಂಪಿನಲ್ಲೂ ಅದೇ ಫೋಟೋ, ಅದರ ಕೆಳಗೆ ಪ್ರಣಿತಾ ಮೇಡಂ ಬರೆದಿದ್ದರು: ‘ಮುತ್ತಪ್ಪನವರ ಅಗಲಿಕೆ ತುಂಬಲಾರದ ನಷ್ಟ. ಕೆಲಸ ನಿಲ್ಲಬಾರದೆಂದು ಧಾರವಾಡದವರಿಗೆ ಒಪ್ಪಿಸಿದ್ದೇವೆ.’ ಫೋನ್ ಮಾಡಿದ. ಬದುಕಿದ್ದಕ್ಕೆ ಮೇಡಂ ಬಹಳ ಸಂತೋಷಪಟ್ಟರು. ಆದರೆ ಒಪ್ಪಂದ ಆಗಿಹೋಗಿತ್ತು.

ಮುತ್ತಪ್ಪ ಕ್ಯಾಮೆರಾದ ಚೀಲವನ್ನು ತಬ್ಬಿಕೊಂಡು ಕಟ್ಟೆಯ ಮೇಲೆ ಕುಸಿದು ಕೂತ. ಸಮಾಧಾನ ಹೇಳಲು ಬಂದವರನ್ನೆಲ್ಲ ನಿಧಾನವಾಗಿ ಈ ತುದಿಯಿಂದ ಆ ತುದಿಯವರೆಗೆ ನೋಡಿದ.

“ಇಷ್ಟ ಮಂದೀನ?” ಎಂದ.